ಜಿಪ್ಸಿಯ ಚಕ್ರ ಕುಣಿತ: ಸ್ಪ್ರಿಂಗ್ ತಕ್ಕಡಿ ಹಿಡಿದು ನಿಲ್ಲಿಸಿದ ಕಥೆ

ನನ್ನ 1998ರ ಮಾರುತಿ ಜಿಪ್ಸಿ ಕಿಂಗ್ ಈಗ ಎಪ್ಪತ್ತು-ಎಂಬತ್ತರಲ್ಲಿ ಹೋಗುವಾಗ ಗುಂಡಿಗೆ ಇಳಿದೆದ್ದರೂ ಸ್ಟೇರಿಂಗ್ ಮಿಸುಕುವುದಿಲ್ಲ. ಎರಡು ಮಳೆಗಾಲ ದಾಟಿತು, ಕಾಯಿಲೆ ಮರುಕಳಿಸಿಲ್ಲ. ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ. ಮೂಡಿಗೆರೆ, ಸಕಲೇಶಪುರ, ಸೋಮವಾರಪೇಟೆ ಕಡೆ ಹಳೇ ಜಿಪ್ಸಿ ಇಟ್ಟುಕೊಂಡವರಿಗೆಲ್ಲ ಇದು ಗೊತ್ತಿರುವುದೇ. ಐವತ್ತು ದಾಟಿದ ಮೇಲೆ ಮುಂದಿನ ಒಂದು ಚಕ್ರ ಗುಂಡಿಗೆ ಬಿದ್ದರೆ ಸಾಕು, ಎರಡೂ ಚಕ್ರ ಎಡಕ್ಕೂ ಬಲಕ್ಕೂ ಕುಣಿಯಲು ಶುರು. ಸ್ಟೇರಿಂಗ್ ಕೈಗೆ ಬಡಿಯುತ್ತದೆ, ಬಾನೆಟ್ ಅದುರುತ್ತದೆ. ಬ್ರೇಕ್ ಒತ್ತಿ ಇಪ್ಪತ್ತು-ಮೂವತ್ತಕ್ಕೆ ಇಳಿಸುವ ತನಕ ಬಿಡುವುದಿಲ್ಲ. ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಎದುರಿಂದ ಬಸ್ಸು ಬರುವಾಗ ಹೀಗಾದರೆ ಏನು ಗತಿ ಎಂದು ಅನುಭವಿಸಿದವರಿಗೆ ಬಿಡಿಸಿ ಹೇಳಬೇಕಿಲ್ಲ.

ಗ್ಯಾರೇಜಿಗೆ ಹೋದರೆ ಮೊದಲ ಮಾತು ವೀಲ್ ಬ್ಯಾಲೆನ್ಸಿಂಗ್. ಮಾಡಿಸಿದೆ, ಏನೂ ಬದಲಾಗಲಿಲ್ಲ. ಎರಡನೆಯದು ಸ್ಟೇರಿಂಗ್ ಡ್ಯಾಂಪರ್, ಅಂದರೆ ಸ್ಟೇರಿಂಗಿನ ಅದುರು ಹೀರುವ ಶಾಕ್ ಅಬ್ಸಾರ್ಬರ್. ಸುಮಾರು ಎರಡು ಸಾವಿರ ಕೊಟ್ಟು ಹೊಸದು ಹಾಕಿಸಿದೆ. ಹದಿನೈದು ದಿನ ಸುಮ್ಮನಿತ್ತು, ಆಮೇಲೆ ಮತ್ತೆ ಅದೇ. ಡ್ಯಾಂಪರ್ ನೋವಿನ ಮಾತ್ರೆ ಇದ್ದ ಹಾಗೆ, ರೋಗವನ್ನು ಮುಚ್ಚುತ್ತದೆ ಅಷ್ಟೆ. ಮೂರನೆಯದು ಟೈರಾಡ್ ಎಂಡ್, ಅಂದರೆ ಮುಂದಿನ ಎರಡು ಚಕ್ರಗಳನ್ನು ಜೋಡಿಸುವ ಸ್ಟೇರಿಂಗ್ ಸರಳಿನ ತುದಿಯ ಕೀಲು. ಅವು ನಿಜಕ್ಕೂ ಸವೆದಿದ್ದವು, ಬದಲಾಯಿಸಿದ್ದಕ್ಕೆ ಬೇಸರವಿಲ್ಲ, ಮೂರು ಸಾವಿರದ ಆಸುಪಾಸು ಆಯಿತು. ನಾಲ್ಕನೆಯದು ಸ್ಟೇರಿಂಗ್ ಬಾಕ್ಸ್ ಓವರ್‌ಹಾಲ್. ಹಾಸನದ ಒಂದು ಗ್ಯಾರೇಜಿನಲ್ಲಿ ಆರೇಳು ಸಾವಿರ ಹೋಯಿತು. ಬಾಕ್ಸ್ ಗಟ್ಟಿಯಾಯಿತು, ಕುಣಿತ ಮಾತ್ರ ಹಾಗೇ ಉಳಿಯಿತು. ಕೊನೆಗೆ ಅಲ್ಲಿನವರು, "ಸಾರ್, ಗಾಡಿಗೆ ವಯಸ್ಸಾಯ್ತು, ಐವತ್ತರ ಒಳಗೆ ಓಡಿಸಿ, ಇಲ್ಲಾಂದ್ರೆ ಕೊಟ್ಬಿಡಿ" ಅಂದರು. ಕೊಡುವುದೆಲ್ಲಿಯ ಮಾತು? ಮಳೆಗಾಲದಲ್ಲಿ ನಮ್ಮ ತೋಟದ ಮೇಲಿನ ಬ್ಲಾಕಿಗೆ ಗೊಬ್ಬರದ ಚೀಲ ಹೊತ್ತು ಹತ್ತುವ ಗಾಡಿ ಇದೊಂದೇ.

ನಡುವೆ ನಾನೇ ಒಂದು ಪ್ರಯೋಗ ಮಾಡಿದ್ದೆ. ಕ್ಯಾಸ್ಟರ್ (ಚಕ್ರ ಎಡಬಲ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ) ಕಡಿಮೆಯಾಗಿರಬಹುದು ಎಂದು ವೆಲ್ಡಿಂಗ್ ಶಾಪಿನಲ್ಲಿ ಎರಡು ಡಿಗ್ರಿಯ ಕಬ್ಬಿಣದ ಬೆಣೆ ಮಾಡಿಸಿ, ಮುಂದಿನ ಪಟ್ಟಿಗೂ (ಲೀಫ್ ಸ್ಪ್ರಿಂಗ್) ಆಕ್ಸಲ್‌ಗೂ ನಡುವೆ ಕೊಟ್ಟು ಯು-ಬೋಲ್ಟ್ ಬಿಗಿದೆ. ತಿರುವಿನ ನಂತರ ಸ್ಟೇರಿಂಗ್ ತಾನಾಗಿಯೇ ನೇರಕ್ಕೆ ಬರುವುದು ಚೆನ್ನಾಯಿತು. ಆದರೆ ಐವತ್ತಕ್ಕೆ ಬರುತ್ತಿದ್ದ ಕುಣಿತ ಅರವತ್ತಕ್ಕೆ ಬಂತು ಅಷ್ಟೆ. ಜೊತೆಗೆ ಆಕ್ಸಲ್ ಹಿಂದಕ್ಕೆ ವಾಲಿದ್ದರಿಂದ ಪಿನಿಯನ್ ಮೂಗು (ಪ್ರೊಪೆಲ್ಲರ್ ಶಾಫ್ಟ್ ಬಂದು ಸೇರುವ ತುದಿ) ಕೆಳಗಾಗಿ, ಫೋರ್ ವೀಲ್ ಹಾಕಿದಾಗ ಮುಂದಿನ ಪ್ರೊಪೆಲ್ಲರ್ ಶಾಫ್ಟ್ ಗುಂಯ್‌ಗುಡಲು ಶುರುವಾಯಿತು. ಬೆಣೆ ತೆಗೆದುಬಿಟ್ಟೆ. ಅವು ಈಗಲೂ ಶೆಡ್ಡಿನಲ್ಲಿವೆ, ಪಟ್ಟಿ ಏರಿಸಿರುವ ಗಾಡಿಯವರಿಗೆ ಬೇಕಾದರೆ ಕೊಡುತ್ತೇನೆ.

ಇಷ್ಟೆಲ್ಲ ಮಾಡಿದವರಲ್ಲಿ ಯಾರೂ ಮಾಡದೆ ಬಿಟ್ಟಿದ್ದ ಪರೀಕ್ಷೆ ಒಂದಿತ್ತು. ಮುಂದಿನ ಚಕ್ರ ಜಾಕ್ ಮೇಲೆ ಎತ್ತಿ, ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಬೇಕು. ಆಟ (ಸಡಿಲ) ಕಂಡರೆ ಒಳಗೆ ಒಬ್ಬರನ್ನು ಕೂರಿಸಿ ಬ್ರೇಕ್ ಒತ್ತಿಸಿ ಮತ್ತೆ ಅಲ್ಲಾಡಿಸಬೇಕು. ಬ್ರೇಕ್ ಒತ್ತಿದಾಗ ಆಟ ಮಾಯವಾದರೆ ವೀಲ್ ಬೇರಿಂಗ್. ಉಳಿದರೆ ಕಿಂಗ್‌ಪಿನ್, ಅಂದರೆ ಚಕ್ರ ಎಡಬಲ ತಿರುಗಲು ಮೇಲೊಂದು ಕೆಳಗೊಂದು ಇರುವ ಗೂಟ. ನನ್ನದರಲ್ಲಿ ಎಡಗಡೆ ಸ್ಪಷ್ಟವಾಗಿ ಉಳಿಯಿತು. ಬಲಗಡೆ ಆಟವೇ ಇರಲಿಲ್ಲ, ಅದೇ ಎಲ್ಲರಿಗೂ ಮೋಸ ಮಾಡುವುದು. ಕೈಗೆ ಆಟ ಸಿಗದಿದ್ದರೂ ಕಿಂಗ್‌ಪಿನ್ ಸಡಿಲವಾಗಿರಬಹುದು. ಬೇರಿಂಗ್ ಮೇಲೆ ಬಿಗಿತವೇ ಇಲ್ಲದಿದ್ದರೆ ನಕಲ್ (ಚಕ್ರವನ್ನು ಹೊತ್ತು ಎಡಬಲ ತಿರುಗುವ ಗೆಣ್ಣು) ನಯವಾಗಿ ತಿರುಗುತ್ತದೆ, ಆ ನಯವೇ ಕುಣಿತಕ್ಕೆ ದಾರಿ.

ಮೊದಲು ಸುಲಭದ ದಾರಿ ಹಿಡಿದೆ. ಏನೂ ಬಿಚ್ಚದೆ, ಮೇಲಿನ ಮತ್ತು ಕೆಳಗಿನ ಕಿಂಗ್‌ಪಿನ್ ಬೋಲ್ಟ್ ಮಾತ್ರ ತೆಗೆದು, ಎರಡೂ ಕಡೆ ಒಂದೊಂದು ತೆಳು ಶಿಮ್ (ಅಂತರ ತುಂಬುವ ಲೋಹದ ಹಾಳೆ) ಕಿತ್ತು ಮತ್ತೆ ಬಿಗಿದೆ. ಕಾಸಿಲ್ಲದ ಕೆಲಸ. ಒಂದು ತಿಂಗಳು ಗಾಡಿ ಚಿನ್ನದಂತೆ ಓಡಿತು. ಆಮೇಲೆ ಕುಣಿತ ಮೆಲ್ಲಗೆ ವಾಪಸ್ಸು ಬಂತು, ಜೊತೆಗೆ ಸ್ಟೇರಿಂಗ್ ನಡುವಿನಲ್ಲಿ ಸಿಕ್ಕಿಹಾಕಿಕೊಂಡಂತೆ ಒಂದು ತಡೆ. ಆಗಲೇ ಅರ್ಥವಾಯಿತು, ಒಳಗಿನ ಬೇರಿಂಗ್ ಕಪ್ಪಿನಲ್ಲಿ (ರೋಲರು ಓಡುವ ಹೊರಬಳೆ) ಗೆರೆ ಬಿದ್ದಿದೆ. ಗಾಡಿ ಹೆಚ್ಚು ಹೊತ್ತು ನೇರವಾಗಿಯೇ ಓಡುತ್ತದಲ್ಲ, ರೋಲರುಗಳು ಒಂದೇ ಜಾಗದಲ್ಲಿ ಕೂತು ಬಡಿದು ಬಡಿದು ಕಪ್ಪಿನಲ್ಲಿ ಗುಳಿ ಮಾಡಿರುತ್ತವೆ. ಗುಳಿ ಬಿದ್ದ ಕಪ್ಪಿಗೆ ಎಷ್ಟು ಬಿಗಿತ ಕೊಟ್ಟರೂ ಪ್ರಯೋಜನವಿಲ್ಲ.

ಹಾಗಾಗಿ ಪೂರ್ತಿ ಬಿಚ್ಚಲು ಕೂತೆ. ಪಕ್ಕದ ಎಸ್ಟೇಟಿನ ಗೆಳೆಯ ಬಂದು ನೋಡಿ, "ಇದು ಶೆಡ್ಡಲ್ಲಿ ಆಗೋ ಕೆಲಸ ಅಲ್ಲ ಮಾರಾಯ, ಹಬ್ಬದ ಹೊತ್ತಿಗೆ ಗಾಡಿ ಟೋ ಮಾಡ್ಬೇಕಾಗುತ್ತೆ" ಅಂದ. ಕ್ಯಾಲಿಪರ್ ಬಿಚ್ಚಿ ಪಟ್ಟಿಗೆ ತಂತಿಯಲ್ಲಿ ಕಟ್ಟುವುದು, ಹಬ್, ಸ್ಪಿಂಡಲ್, ಆಕ್ಸಲ್ ಶಾಫ್ಟ್ ಎಳೆಯುವುದು, ಇವೆಲ್ಲ ನಿಮಗೆ ಗೊತ್ತು. ಶಾಫ್ಟ್ ಎಳೆಯುವ ಮೊದಲು ಡಿಫರೆನ್ಶಿಯಲ್ ಆಯಿಲ್ ಇಳಿಸಿ. ಒಳಗಿನ ಆಕ್ಸಲ್ ಸೀಲ್ ಚೆನ್ನಾಗಿ ಕಂಡರೂ ಉಳಿಸಬೇಡಿ. ಅದು ಸೋರಿದರೆ ಗೇರ್ ಆಯಿಲ್ ನಕಲ್ ಒಳಗೆ ಬಂದು ಗ್ರೀಸನ್ನು ಗಂಜಿ ಮಾಡುತ್ತದೆ. ನನ್ನ ಎಡಗಡೆ ಆಗಿದ್ದು ಇದೇ. ಹೊರಗಿನಿಂದ ಹೊಳೆ ನೀರು, ಒಳಗಿನಿಂದ ಗೇರ್ ಆಯಿಲ್, ನಡುವೆ ಬೇರಿಂಗ್ ತುಕ್ಕು ಹಿಡಿದು ಕೆಂಪಾಗಿತ್ತು.

ಕಿಂಗ್‌ಪಿನ್ ಹೊರಬರದೆ ಬಹಳ ಸತಾಯಿಸಿತು. ಅಂಗಡಿಯ ಸ್ಪ್ರೇಗಳಿಗೆ ಜಗ್ಗಲಿಲ್ಲ. ಪವರ್ ಸ್ಟೇರಿಂಗ್ ಆಯಿಲ್ ಮತ್ತು ಥಿನ್ನರ್ ಅರ್ಧರ್ಧ ಬೆರೆಸಿ ರಾತ್ರಿಯಿಡೀ ಬಿಟ್ಟೆ, ಬೆಳಿಗ್ಗೆ ಸಣ್ಣ ಸುತ್ತಿಗೆಗೆ ಸಡಿಲವಾಯಿತು. ಮೇಲಿನದು ಯಾವುದು, ಕೆಳಗಿನದು ಯಾವುದು ಎಂದು ಪೇಂಟಿನಲ್ಲಿ ಗುರುತು ಮಾಡಿ, ಅದರದರ ಶಿಮ್ ಅದರದರ ಜೊತೆ ತಂತಿಗೆ ಪೋಣಿಸಿಡಿ. ನಕಲ್ ಎಳೆಯುವಾಗ ಕೆಳಗಿನ ಬೇರಿಂಗ್ ಉದುರುತ್ತದೆ, ಅಡಿಗೆ ಬಟ್ಟೆ ಹಾಸಿರಿ.

ಬೇರಿಂಗ್ ತಂದದ್ದು ಬೆಂಗಳೂರಿನ ಜೆ.ಸಿ. ರಸ್ತೆಯಿಂದ. ಕಂಪನಿ ಜಿಪ್ಸಿ ತಯಾರಿಕೆ ನಿಲ್ಲಿಸಿದ್ದರೂ ಸೈನ್ಯದಲ್ಲೂ ಪೊಲೀಸರಲ್ಲೂ ಓಡಿದ ಗಾಡಿಗಳು ಎಷ್ಟೋ ಇರುವುದರಿಂದ ಬಿಡಿಭಾಗಕ್ಕೆ ಕೊರತೆಯಿಲ್ಲ. ಮೊದಲ ಅಂಗಡಿಯಲ್ಲಿ ಅರ್ಧ ಬೆಲೆಗೆ ಕೊಡುತ್ತೇನೆಂದು ತೋರಿಸಿದ ಬೇರಿಂಗಿನ ಮೇಲೆ ಯಾವ ಗುರುತೂ ಇರಲಿಲ್ಲ, ಕೋನನ್ನು (ರೋಲರಿರುವ ಒಳಭಾಗ) ಕಪ್ಪಿನಲ್ಲಿಟ್ಟು ಒತ್ತಿ ತಿರುಗಿಸಿದರೆ ಕರಕರ ಎನ್ನುತ್ತಿತ್ತು. ನಾಲ್ಕು ಬೇರಿಂಗಿಗೆ ಸಾವಿರ ರೂಪಾಯಿ ಉಳಿಸಲು ಹೋಗಿ ಮತ್ತೆ ಇಷ್ಟೆಲ್ಲ ಬಿಚ್ಚುವುದು ಯಾರಿಗೂ ಬೇಡ.

ಈಗ ಮುಖ್ಯ ವಿಷಯ. ಹೊರದೇಶಗಳಲ್ಲಿ ಇದೇ ಗಾಡಿ ಸುಜುಕಿ ಸಮುರಾಯ್, ಅದರ ಮ್ಯಾನ್ಯುಯಲ್‌ನಲ್ಲಿ ಕಿಂಗ್‌ಪಿನ್ ಬೇರಿಂಗಿನ ಬಿಗಿತವನ್ನು ಅಳೆಯುವ ಕ್ರಮ ಇದೆ. ನಕಲ್ ಜೋಡಿಸಿ, ಹೊರಗಿನ ಸೀಲ್ ಹಾಕುವ ಮೊದಲು, ಟೈರಾಡ್ ಎಂಡ್ ಕೂರುವ ತೂತಿಗೆ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆ ಹಾಕಿ, ನಕಲಿನ ತೋಳಿಗೆ ನೇರ ಅಡ್ಡವಾಗಿ ಎಳೆಯಬೇಕು. ನಕಲ್ ಅಲುಗಲು ಶುರುವಾಗುವ ಹೊತ್ತಿಗೆ ಮುಳ್ಳು 1ರಿಂದ 1.8 ಕೆ.ಜಿ. ನಡುವೆ ಇರಬೇಕು. ನನ್ನ ಹಳೆಯ ಬೇರಿಂಗಿನಲ್ಲಿ ಬಲಗಡೆ ಕಾಲು ಕೆ.ಜಿ.ಯೂ ಇರಲಿಲ್ಲ. ಆಟವೇ ಇಲ್ಲ ಎಂದು ಎಲ್ಲರೂ ಸರ್ಟಿಫಿಕೇಟ್ ಕೊಟ್ಟಿದ್ದ ಕಡೆ ಅದು!

ತಕ್ಕಡಿ ಐದು ಕೆ.ಜಿ.ಯದ್ದೇ ತನ್ನಿ, ಐವತ್ತು ಕೆ.ಜಿ.ಯದ್ದರಲ್ಲಿ ಇಷ್ಟು ಸಣ್ಣ ವ್ಯತ್ಯಾಸ ಕಾಣುವುದಿಲ್ಲ. ಸಂತೆಯಲ್ಲಿ ಇನ್ನೂರು ರೂಪಾಯಿಯೊಳಗೆ ಸಿಕ್ಕಿತು. ಹಳೇ ಶಿಮ್ಮುಗಳನ್ನೇ ಹಾಕಿ ಅಳೆದಾಗ ಹೊಸ ಬೇರಿಂಗಿನಲ್ಲೂ ಆರುನೂರು ಗ್ರಾಂ ಹತ್ತಿರ ಬಂತು. 0.1 ಮಿ.ಮೀ.ನ ಒಂದು ಶಿಮ್ ತೆಗೆದೆ, ಒಂದು ಕೆ.ಜಿ. ದಾಟಿತು. ಇನ್ನೊಂದು ತೆಗೆದೆ, ಎರಡರ ಹತ್ತಿರ ಹೋಯಿತು. ಕಾಗದದಷ್ಟು ತೆಳು ಹಾಳೆಗೆ ಇಷ್ಟು ಅಂತರ, ಕೈ ಅಂದಾಜಿನಲ್ಲಿ ಬಿಗಿದರೆ ಹೇಗೆ ಸರಿಬರುತ್ತದೆ? ಅಳತೆಗೆ ಮೊದಲು ನಕಲನ್ನು ಈ ಕೊನೆಯಿಂದ ಆ ಕೊನೆಗೆ ಹತ್ತಿಪ್ಪತ್ತು ಸಲ ತಿರುಗಿಸಿ ಬೇರಿಂಗ್ ಕೂರಿಸಿ. ಎರಡೂ ಕಡೆ ಹೆಚ್ಚುಕಡಿಮೆ ಒಂದೇ ತೂಕ ಬರಬೇಕು. ನಾನು ಎರಡನ್ನೂ ಒಂದೂವರೆಯ ಸ್ವಲ್ಪ ಮೇಲೆ ನಿಲ್ಲಿಸಿದೆ. ಮೇಲೆ ಎಷ್ಟು ಶಿಮ್, ಕೆಳಗೆ ಎಷ್ಟು ಎಂದು ಹಂಚುವುದರಲ್ಲಿ ಒಂದು ಲೆಕ್ಕ ಇದೆ. ಅದನ್ನು ಇಲ್ಲಿ ಬಿಚ್ಚಿಡುವುದಿಲ್ಲ, ಶೆಡ್ಡಿಗೆ ಬಂದವರಿಗೆ ಕೈಯಾರೆ ತೋರಿಸುತ್ತೇನೆ. ಗ್ರೀಸಿಗೆ ನಾನು ಏನು ಬೆರೆಸುತ್ತೇನೆ ಎನ್ನುವುದೂ ಹಾಗೆಯೇ.

ಹೊರಗಿನ ಸೀಲ್ ವಿಷಯದಲ್ಲಿ ಇನ್ನೊಂದು ಪ್ರಯೋಗ ನಡೆಯಿತು. ಸೆಟ್ಟಿನಲ್ಲಿ ಬರುವ ಫೆಲ್ಟ್ ಪಟ್ಟಿ ನಮ್ಮ ಕೆಸರಿಗೆ ಒಂದೇ ಮಳೆಗಾಲ. ತೋಟದ ಆಳುಗಳು ಮಳೆಗೆ ಹೊದೆಯುವ ಕರಿ ಕಂಬಳಿ ನೀರು ಒಳಬಿಡುವುದಿಲ್ಲವಲ್ಲ ಎಂದು ಯೋಚಿಸಿ, ಹಳೇ ಕಂಬಳಿಯ ಅಂಚನ್ನು ಎರಡು ಪದರ ಮಡಿಸಿ ಹೊಲಿದು, ಬಿಸಿ ಗ್ರೀಸಿನಲ್ಲಿ ಅದ್ದಿ, ಬಲಗಡೆ ಹಾಕಿದೆ. ಎಡಗಡೆ ಅಂಗಡಿಯ ಫೆಲ್ಟ್. ಮಳೆಗಾಲ ಮುಗಿದ ಮೇಲೆ ಬಿಚ್ಚಿ ನೋಡಿದರೆ ಕಂಬಳಿಯ ಕಡೆ ಗ್ರೀಸ್ ಹಳದಿಯಾಗಿಯೇ ಇತ್ತು, ಫೆಲ್ಟಿನ ಕಡೆ ಬೂದಿ ಬಣ್ಣಕ್ಕೆ ತಿರುಗಿತ್ತು. ಈಗ ಎರಡೂ ಕಡೆ ಕಂಬಳಿಯೇ. ಗಿರಣಿಯ ರಗ್ಗು ನಡೆಯುವುದಿಲ್ಲ, ಕೈಮಗ್ಗದ ಕುರಿ ಉಣ್ಣೆಯದ್ದೇ ಆಗಬೇಕು.

ಚಾಸಿಗೆ ಮಳೆಗಾಲದ ಮುಂಚೆ ಹಳೇ ಇಂಜಿನ್ ಆಯಿಲ್ ಹೊಡೆಯುವುದು ಎಲ್ಲರೂ ಮಾಡುವುದೇ. ನಾನು ಹಳೆಯ ಸ್ಪ್ರೇ ಕ್ಯಾನನ್ನು ಅದಕ್ಕೇ ಮೀಸಲಿಟ್ಟಿದ್ದೇನೆ. ಒಂದು ಮಾತು ಮಾತ್ರ: ಪಟ್ಟಿಯ ಬುಷ್, ಶಾಕ್ ಅಬ್ಸಾರ್ಬರ್ ಬುಷ್, ಬ್ರೇಕ್ ಹೋಸ್ ಇವಕ್ಕೆ ಪ್ಲಾಸ್ಟಿಕ್ ಸುತ್ತಿ ಹೊಡೆಯಿರಿ. ಆಯಿಲ್ ಬಿದ್ದ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ, ಬುಷ್ ಮೆತ್ತಗಾದರೆ ಕಿಂಗ್‌ಪಿನ್ ಎಷ್ಟು ಸರಿಯಿದ್ದರೂ ಮುಂಭಾಗ ತೂಗಾಡುತ್ತದೆ.

ಎಲ್ಲ ಜೋಡಿಸಿದ ಮೇಲೆ ಟೋ-ಇನ್, ಅಂದರೆ ಮುಂದಿನ ಚಕ್ರಗಳು ಮುಂದುಗಡೆ ಎಷ್ಟು ಒಳಮುಖವಾಗಿವೆ ಎನ್ನುವ ಅಳತೆ. ಚಕ್ರ ಎತ್ತಿ ತಿರುಗಿಸುತ್ತಾ ಟೈರಿನ ನಡುವೆ ಸೀಮೆಸುಣ್ಣದ ಗೆರೆ ಎಳೆದು, ಕೆಳಗಿಳಿಸಿ, ಮುಂದೆ ಹಿಂದೆ ಟೇಪ್ ಹಿಡಿದು ಅಳೆದರೆ ಸಾಕು. ಮ್ಯಾನ್ಯುಯಲ್ 2ರಿಂದ 6 ಮಿ.ಮೀ. ಎನ್ನುತ್ತದೆ, ನಾನು ನಾಲ್ಕಕ್ಕೆ ಇಟ್ಟಿದ್ದೇನೆ. ಆಮೇಲೆ ಡ್ಯಾಂಪರನ್ನು ಬೇಕೆಂದೇ ಬಿಚ್ಚಿಟ್ಟು ಕೊಟ್ಟಿಗೆಹಾರದ ರಸ್ತೆಯಲ್ಲಿ ಎಪ್ಪತ್ತರಲ್ಲಿ ಓಡಿಸಿದೆ, ಕುಣಿತದ ಸುಳಿವಿಲ್ಲ. ಶೆಡ್ಡಲ್ಲಿ ಆಗೋ ಕೆಲಸ ಅಲ್ಲ ಅಂದಿದ್ದ ಗೆಳೆಯನ ಕೈಗೇ ಸ್ಟೇರಿಂಗ್ ಕೊಟ್ಟೆ. ವಾಪಸ್ಸು ಬಂದವನು ಮೊದಲು ಕೇಳಿದ್ದು ತಕ್ಕಡಿ ಎಲ್ಲಿ ಸಿಗುತ್ತದೆ ಎಂದು.

ಖರ್ಚು ನೆನಪಿದ್ದಷ್ಟು ಹೇಳುತ್ತೇನೆ. ಬೇರಿಂಗ್ ನಾಲ್ಕಕ್ಕೆ ಎರಡೂವರೆ ಸಾವಿರ, ಎರಡೂ ಕಡೆ ಸೀಲ್ ಸೆಟ್ಟು ಮತ್ತು ಒಳಗಿನ ಆಕ್ಸಲ್ ಸೀಲ್ ಸೇರಿ ಸಾವಿರದೈನೂರು, ಶಿಮ್, ಗ್ರೀಸ್, ಗೇರ್ ಆಯಿಲ್ ಒಂದು ಸಾವಿರ. ಬಸ್ ಚಾರ್ಜ್ ಸೇರಿಸಿದರೂ ಆರು ಸಾವಿರ ದಾಟಿಲ್ಲ. ಇದಕ್ಕೆ ಮೊದಲು ಗ್ಯಾರೇಜುಗಳಿಗೆ ಸುರಿದದ್ದು ಹನ್ನೊಂದು ಸಾವಿರಕ್ಕೆ ಕಡಿಮೆಯಿಲ್ಲ.

ಅಲ್ಲಿಂದೀಚೆಗೆ ಸುತ್ತಮುತ್ತಲಿನ ನಾಲ್ಕೈದು ಜಿಪ್ಸಿಗಳು ನಮ್ಮ ಶೆಡ್ಡಿನಲ್ಲಿ ಸರಿಯಾಗಿ ಹೋಗಿವೆ. ಒಂದರಲ್ಲಿ ಮಾತ್ರ ಬಿಗಿತ ಕೊಟ್ಟ ಮೇಲೂ ಸಣ್ಣ ಅದುರು ಉಳಿಯಿತು, ಅದು ಪಟ್ಟಿಯ ಶ್ಯಾಕಲ್ (ತುದಿಯ ಕೊಂಡಿ) ಬುಷ್, ಬದಲಾಯಿಸಿದ ಮೇಲೆ ಹೋಯಿತು. ಹೊಸ ಬೇರಿಂಗ್ ಕೂತ ಮೇಲೆ ಸಾವಿರ ಕಿಲೋಮೀಟರಿನೊಳಗೆ ಬಿಗಿತ ಸ್ವಲ್ಪ ಇಳಿಯುತ್ತದೆ. ಆಗ ಟೈರಾಡ್ ಎಂಡ್ ಬಿಚ್ಚಿ ಮತ್ತೊಮ್ಮೆ ತಕ್ಕಡಿ ಹಾಕಿ ನೋಡಿ. ಸೀಲ್ ಇರುವಾಗ ತೂಕ ಹೆಚ್ಚೇ ತೋರಿಸುತ್ತದೆ, ಆದ್ದರಿಂದ ಸೀಲ್ ಹಾಕಿದ ದಿನವೇ ಎಷ್ಟಿತ್ತು ಎಂದು ಅಳೆದು ಬಾನೆಟ್ಟಿನ ಒಳಗೆ ಪೇಂಟಿನಲ್ಲಿ ಬರೆದಿಟ್ಟುಕೊಳ್ಳಿ.