ಅಪ್‌ಗ್ರೇಡ್ ಆದಮೇಲೆ ವಿಡಿಯೋ ನಡುವೆ ಕಂಪ್ಯೂಟರ್ ಹ್ಯಾಂಗ್ ಆಗುತ್ತಾ? ಫಾರ್ಮ್ಯಾಟ್ ಹೊಡೆಯೋ ಮುಂಚೆ ಇಷ್ಟು ನೋಡಿ

ಹುಬ್ಬಳ್ಳಿಯ ಕೊಪ್ಪಿಕರ್ ರಸ್ತೆ ಹತ್ತಿರ ಕಂಪ್ಯೂಟರ್ ರಿಪೇರಿ ಮಾಡಿಕೊಂಡಿದ್ದೇನೆ. ವಿಂಡೋಸ್ 10ರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಆ ಹೊತ್ತಿಗೆ ತುಂಬಾ ಜನ ವಿಂಡೋಸ್ 11ಕ್ಕೆ ಬಂದರು. ಆವಾಗಿನಿಂದ ನನ್ನ ಟೇಬಲ್ ಮೇಲೆ ಈ ದೂರು ಜಾಸ್ತಿ. ಟೈಪಿಂಗ್ ಸರಿ, ಎಕ್ಸೆಲ್ ಸರಿ, ಯೂಟ್ಯೂಬ್ ಹಚ್ಚಿದರೆ ಮಾತ್ರ ಸ್ವಲ್ಪ ಹೊತ್ತಿಗೆ ಹ್ಯಾಂಗ್.

ಇದನ್ನು ಕೇಳಿದ ಕೂಡಲೇ 'ಫಾರ್ಮ್ಯಾಟ್ ಹೊಡೀರಿ' ಅನ್ನೋರಿದ್ದಾರೆ. 'ಮಷೀನ್ ಹಳೇದಾತು, ಹೊಸದು ತಗೋರಿ' ಅನ್ನೋರೂ ಇದ್ದಾರೆ. ಎರಡೂ ಅವಸರದ ಮಾತು. ನಾನು ನೋಡಿದ ಮಟ್ಟಿಗೆ ತಪ್ಪು ಹೆಚ್ಚಾಗಿ ಇರುವುದು ಗ್ರಾಫಿಕ್ಸ್ ಡ್ರೈವರ್‌ನಲ್ಲಿ. ಅದನ್ನು ಸರಿ ಮಾಡಲು ಒಂದು ರೂಪಾಯಿಯೂ ಬೇಡ.

ವಿಡಿಯೋದಲ್ಲೇ ಯಾಕೆ ನಿಲ್ಲುತ್ತದೆ? ವಿಡಿಯೋ ನೆಟ್‌ನಲ್ಲಿ ಬರುವಾಗ ಒತ್ತಿ ಸಣ್ಣದು ಮಾಡಿದ ರೂಪದಲ್ಲಿ ಬರುತ್ತದೆ. ಅದನ್ನು ಬಿಚ್ಚಿ ಚಿತ್ರ ಮಾಡುವ ಕೆಲಸವನ್ನು ಬ್ರೌಸರ್ ಗ್ರಾಫಿಕ್ಸ್ ಚಿಪ್‌ಗೆ ಒಪ್ಪಿಸುತ್ತದೆ. ಎರಡರ ನಡುವೆ ಮಾತು ಮುಟ್ಟಿಸುವ ಸಾಫ್ಟ್‌ವೇರೇ ಡ್ರೈವರ್. ಟೈಪ್ ಮಾಡುವಾಗ ಚಿಪ್‌ನ ಆ ಭಾಗಕ್ಕೆ ಕೆಲಸವೇ ಇಲ್ಲ. ಅಪ್‌ಗ್ರೇಡ್ ಆದಾಗ ಎಷ್ಟೋ ಸಲ ಕಂಪನಿ ಹಾಕಿಕೊಟ್ಟ ಡ್ರೈವರ್ ಹೋಗಿ ಬೇರೊಂದು ಕೂತಿರುತ್ತದೆ. ಅದು ನಿಮ್ಮ ಚಿಪ್‌ಗೆ ಒಗ್ಗದಿದ್ದರೆ ತೊಂದರೆ ಕಾಣುವುದು ವಿಡಿಯೋ ಹಚ್ಚಿದಾಗಲೇ.

ಹಾಗಾಗಿ ಏನನ್ನೂ ಮುಟ್ಟುವ ಮುಂಚೆ, ಹ್ಯಾಂಗ್ ಹೇಗೆ ಆಗುತ್ತದೆ ಅಂತ ಸುಮ್ನೆ ಕೂತು ನೋಡಿ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಧಾರವಾಡದ ಸಪ್ತಾಪುರದಲ್ಲಿರುವ ನಮ್ಮ ಅತ್ತಿಯ ಲ್ಯಾಪ್‌ಟಾಪ್ ಹೀಗೇ ಆಗಿತ್ತು. ಅಪ್‌ಗ್ರೇಡ್ ಮಾಡಿಸಿದ ಅಂಗಡಿಯವರು 'ಬೋರ್ಡ್ ಹೋಗೇತಿ' ಅಂದಿದ್ದರಂತೆ. ಅತ್ತಿ ಫೋನ್ ಮಾಡಿ, 'ತಮ್ಮಾ, ಮನ್ಸೂರರು ಆಲಾಪ ಹಿಡಿದ್ರ ಸಾಕು, ಚಿತ್ರ ಅಲ್ಲೇ ನಿಂತ ಬಿಡತೈತಿ. ದನಿ ಮಾತ್ರ ಕೇಳತೈತಿ' ಅಂದರು. ಹೋಗಿ ಪಕ್ಕದಲ್ಲಿ ಕೂತು ನೋಡಿದೆ. ಮಲ್ಲಿಕಾರ್ಜುನ ಮನ್ಸೂರರ ಎತ್ತಿದ ಕೈ ಎತ್ತಿದಂತೆಯೇ ನಿಂತಿತು. ಹಾಡು ನಡೆದೇ ಇತ್ತು. ಆಮೇಲೆ ಪರದೆ ಒಂದು ಸಲ ಕಪ್ಪಾಗಿ ತಿರುಗಿ ಬಂತು. ಬೋರ್ಡ್ ಹೋಗಿದ್ದರೆ ಹೀಗೆ ಆಗುವುದು ಅಪರೂಪ. ಗ್ರಾಫಿಕ್ಸ್ ಚಿಪ್ 2 ಸೆಕೆಂಡು ಉತ್ತರ ಕೊಡದಿದ್ದರೆ ವಿಂಡೋಸ್ ಡ್ರೈವರನ್ನು ತಾನೇ ಎಬ್ಬಿಸಿ ಹೊಸದಾಗಿ ಶುರು ಮಾಡುತ್ತದೆ. ಪರದೆ ಕಪ್ಪಾಗಿ ಬಂದದ್ದು ಅದಕ್ಕೇ.

ದನಿ ಇದ್ದು ಚಿತ್ರ ನಿಂತರೆ ಡ್ರೈವರ್ ಮೇಲೆ ಅನುಮಾನ ಇಡಿ. ನಡುವೆ ಸುತ್ತುವ ಚಕ್ರ ಕಾಣಿಸಿ, ಮೌಸ್ ಆರಾಮಾಗಿ ಓಡಾಡುತ್ತಿದ್ದರೆ ಅದು ನೆಟ್‌ನ ತೊಂದರೆ, ಕಂಪ್ಯೂಟರ್‌ದಲ್ಲ. ದನಿ 'ಗರ್ರ್' ಅಂತ ಒಂದೇ ಕಡೆ ಸಿಕ್ಕಿಹಾಕಿಕೊಂಡು, ಮೌಸೂ ಅಲ್ಲಾಡದೆ, ಪವರ್ ಬಟನ್ ಒತ್ತಿ ಹಿಡಿಯಲೇಬೇಕಾದರೆ ಡ್ರೈವರ್ ಇರಬಹುದು, ಬಿಸಿಯೂ ಇರಬಹುದು, ರ‍್ಯಾಮ್ ಕೂಡ ಇರಬಹುದು.

ನೆಟ್ ಹೌದೋ ಅಲ್ಲವೋ ಅನ್ನುವುದಕ್ಕೆ ಸುಲಭದ ಪರೀಕ್ಷೆ ಇದೆ. ಕಂಪ್ಯೂಟರ್‌ನಲ್ಲೇ ಇರುವ ಒಂದು ಮದುವೆ ವಿಡಿಯೋ ಹಚ್ಚಿ, ವೈಫೈ ಬಂದ್ ಮಾಡಿ. ಅದೂ ಹ್ಯಾಂಗ್ ಆದರೆ ನೆಟ್ ಕಂಪನಿಗೆ ಫೋನ್ ಮಾಡಿ ಜಗಳ ಆಡಬೇಡಿ.

ಅಪ್‌ಗ್ರೇಡ್ ಆಗಿ ಒಂದೆರಡು ದಿನ ಅಷ್ಟೇ ಆಗಿದ್ದರೆ ಇನ್ನೊಂದು ಮಾತು. ಒಳಗೆ ಅಪ್‌ಡೇಟ್, ಇಂಡೆಕ್ಸಿಂಗ್ (ಹುಡುಕಲು ಫೈಲ್‌ಗಳ ಪಟ್ಟಿ ಮಾಡಿಕೊಳ್ಳುವುದು) ಎಲ್ಲಾ ನಡೆದಿರುತ್ತದೆ. ರಾತ್ರಿ ಚಾರ್ಜರ್ ಹಾಕಿ, ಸ್ಲೀಪ್ ಆಗದಂತೆ ಇಟ್ಟು ಮಲಗಿ. ಬೆಳಿಗ್ಗೆ ರೀಸ್ಟಾರ್ಟ್ ಮಾಡಿ ನೋಡಿ.

ಇನ್ನು ಡ್ರೈವರ್. ವಿಡಿಯೋ ನಿಂತ ಕ್ಷಣಕ್ಕೆ ವಿಂಡೋಸ್ ಕೀ, ಕಂಟ್ರೋಲ್, ಶಿಫ್ಟ್ ಮತ್ತು ಬಿ, ನಾಲ್ಕನ್ನೂ ಒಟ್ಟಿಗೆ ಒತ್ತಿ. ಬೀಪ್ ಅಂದು ಪರದೆ ಮಿನುಗಿ ಎಲ್ಲಾ ನಡೆಯತೊಡಗಿದರೆ ಕಳ್ಳ ಸಿಕ್ಕ ಹಾಗೆಯೇ. ತೆರೆದಿಟ್ಟ ಕೆಲಸ ಏನೂ ಹೋಗುವುದಿಲ್ಲ, ಹೆದರಬೇಡಿ.

ಖಾತ್ರಿ ಮಾಡಿಕೊಳ್ಳಲು ಕ್ರೋಮ್‌ನ ಮೂರು ಚುಕ್ಕಿ ಒತ್ತಿ ಸೆಟ್ಟಿಂಗ್ಸ್‌ಗೆ ಹೋಗಿ. ಸಿಸ್ಟಮ್ ಅನ್ನುವಲ್ಲಿ 'ಯೂಸ್ ಗ್ರಾಫಿಕ್ಸ್ ಆಕ್ಸಲರೇಶನ್' ಅಂತ ಇರುತ್ತದೆ. ಬಂದ್ ಮಾಡಿ, ರೀಲಾಂಚ್ ಒತ್ತಿ. ಈಗ ವಿಡಿಯೋ ಬಿಚ್ಚುವ ಕೆಲಸ ಪ್ರೊಸೆಸರ್ ಮೇಲೆ ಬೀಳುತ್ತದೆ. ಹ್ಯಾಂಗ್ ನಿಂತರೆ ತಪ್ಪು ಡ್ರೈವರ್‌ನದೇ ಅನ್ನಬಹುದು. ಎಷ್ಟೋ ಜನ ಇಲ್ಲಿಗೇ ಬಿಟ್ಟು ಬಿಡುತ್ತಾರೆ. ದಯವಿಟ್ಟು ಹಾಗೆ ಬಿಡಬೇಡಿ. ಫ್ಯಾನ್ ಕೂಗುತ್ತದೆ, ಬ್ಯಾಟರಿ ಬೇಗ ಇಳಿಯುತ್ತದೆ. ಅದು ಪರೀಕ್ಷೆ ಅಷ್ಟೇ.

ನಿಜವಾದ ರಿಪೇರಿ ಡಿವೈಸ್ ಮ್ಯಾನೇಜರ್‌ನಲ್ಲಿದೆ. ಸ್ಟಾರ್ಟ್ ಮೇಲೆ ಬಲ ಕ್ಲಿಕ್ ಮಾಡಿದರೆ ಹೆಸರು ಕಾಣುತ್ತದೆ. ಒಳಗೆ ಡಿಸ್‌ಪ್ಲೇ ಅಡಾಪ್ಟರ್ಸ್ ಬಿಡಿಸಿ ನೋಡಿ. 'ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್' ಅಂತ ಇದ್ದರೆ ನಿಮ್ಮ ಚಿಪ್‌ನ ಡ್ರೈವರ್ ಅಲ್ಲಿ ಕೂತೇ ಇಲ್ಲ. ಇಂಟೆಲ್, ಎಎಂಡಿ ಅಥವಾ ಎನ್ವಿಡಿಯಾ ಹೆಸರಿದ್ದರೆ ಅದರ ಮೇಲೆ ಎರಡು ಸಲ ಒತ್ತಿ, ಡ್ರೈವರ್ ಟ್ಯಾಬ್‌ನಲ್ಲಿ 'ರೋಲ್ ಬ್ಯಾಕ್ ಡ್ರೈವರ್' ಹುಡುಕಿ. ಒತ್ತಲು ಬಂದರೆ ಒತ್ತಿ. ಮಸುಕಾಗಿದ್ದರೆ ಹಿಂದಿನ ಡ್ರೈವರ್ ಉಳಿದಿಲ್ಲ ಅಂತ. ಹೀಗಾದರೂ, ಮೇಲೆ ಹೇಳಿದ 'ಬೇಸಿಕ್' ಹೆಸರು ಇದ್ದರೂ ಮಾಡಬೇಕಾದ್ದು ಒಂದೇ. ಆಗ ಲ್ಯಾಪ್‌ಟಾಪ್ ತಿರುವಿ ಹಾಕಿ, ತಳದ ಚೀಟಿಯಲ್ಲಿರುವ ಮಾಡೆಲ್ ನಂಬರ್ ಬರೆದುಕೊಳ್ಳಿ. ಅದನ್ನು ತಯಾರಿಸಿದ ಕಂಪನಿಯ ವೆಬ್‌ಸೈಟಿನ ಸಪೋರ್ಟ್ ಪುಟದಲ್ಲಿ ಹಾಕಿ ಅಲ್ಲಿಂದಲೇ ಡ್ರೈವರ್ ಇಳಿಸಿ. 'ಎಲ್ಲಾ ಡ್ರೈವರ್ ಒಂದೇ ಕ್ಲಿಕ್‌ಗೆ' ಅನ್ನುವ ಸಾಫ್ಟ್‌ವೇರ್‌ಗಳ ಹತ್ತಿರ ಹೋಗಲೇಬೇಡಿ. ಅವು ತರುವ ಕಸ ತೆಗೆಯುವುದೇ ನನಗೆ ದೊಡ್ಡ ಕೆಲಸ.

ಅತ್ತಿಯ ಲ್ಯಾಪ್‌ಟಾಪ್‌ನಲ್ಲಿ ರೋಲ್ ಬ್ಯಾಕ್ ಮಾಡಿದೆ, ಸರಿಹೋಯಿತು. ಆದರೆ ವಿಂಡೋಸ್ ಅಪ್‌ಡೇಟ್ ಅದೇ ಡ್ರೈವರನ್ನು ಮತ್ತೆ ತಂದು ಹಾಕಬಹುದು. ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್‌ನಲ್ಲಿ 'ಪಾಜ್ ಅಪ್‌ಡೇಟ್ಸ್' ಕೊಟ್ಟು ಕೆಲವು ವಾರ ತಡೆದು ನೋಡಿ. ಕಾಯಂ ಆಗಿ ಬಂದ್ ಮಾಡಬೇಡಿ, ಸುರಕ್ಷತೆಯ ಅಪ್‌ಡೇಟೂ ಅದರಲ್ಲೇ ಬರುತ್ತವೆ.

ಡ್ರೈವರ್ ಸರಿ ಇದ್ದೂ ವಿಡಿಯೋ ತಡವರಿಸಿದರೆ, ಯೂಟ್ಯೂಬ್ ವಿಡಿಯೋ ಮೇಲೆ ಬಲ ಕ್ಲಿಕ್ ಮಾಡಿ 'ಸ್ಟ್ಯಾಟ್ಸ್ ಫಾರ್ ನರ್ಡ್ಸ್' ತೆಗೆಯಿರಿ. ಕೋಡೆಕ್ ಅನ್ನುವ ಸಾಲಿನಲ್ಲಿ 'ಎವಿ01' ಅಂತ ಇದೆಯಾ ನೋಡಿ. ಇದು ವಿಡಿಯೋ ಒತ್ತಿ ಸಣ್ಣದು ಮಾಡುವ ಹೊಸ ಪದ್ಧತಿ, ಹೆಸರು ಎವಿ1. ಇಂಟೆಲ್‌ನಲ್ಲಿ 11ನೇ ಜನರೇಶನ್‌ನಿಂದ ಈಚಿನ ಗ್ರಾಫಿಕ್ಸ್‌ಗೆ ಮಾತ್ರ ಇದನ್ನು ತಾನೇ ಬಿಚ್ಚಲು ಬರುತ್ತದೆ. ವಿಂಡೋಸ್ 11 ಹಾಕಿಸಿಕೊಂಡ 8, 9ನೇ ಜನರೇಶನ್ ಮಷೀನ್‌ಗಳಲ್ಲಿ ಭಾರ ಪೂರ್ತಿ ಪ್ರೊಸೆಸರ್ ಮೇಲೆ ಬೀಳುತ್ತದೆ. ಯೂಟ್ಯೂಬ್ ಅಕೌಂಟ್ ಸೆಟ್ಟಿಂಗ್ಸ್‌ನ 'ಪ್ಲೇಬ್ಯಾಕ್ ಅಂಡ್ ಪರ್ಫಾರ್ಮೆನ್ಸ್'ನಲ್ಲಿ 'ಪ್ರಿಫರ್ ಎವಿ1 ಫಾರ್ ಎಸ್‌ಡಿ' ಆರಿಸಿ. ಎಚ್‌ಡಿ ವಿಡಿಯೋ ಆಗ ಹಳೆಯ ಪದ್ಧತಿಯಲ್ಲೇ ಬರುತ್ತದೆ.

ಆಮೇಲೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು ವಿಡಿಯೋ ಹಚ್ಚಿ. ಡಿಸ್ಕ್ ಶೇಕಡಾ 100ಕ್ಕೆ ಅಂಟಿಕೊಂಡಿದ್ದರೆ ಹಳೆಯ ತಿರುಗುವ ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿ. ವಿಂಡೋಸ್ 11ಕ್ಕೆ 4 ಜಿಬಿ ರ‍್ಯಾಮ್ ಸಾಕು ಅಂತ ಹೇಳಿದ್ದಾರೆ, ಆದರೆ ಅದು ಇನ್‌ಸ್ಟಾಲ್ ಆಗಲು ಸಾಕು. ಬ್ರೌಸರ್ ತೆರೆದು ವಿಡಿಯೋ ನೋಡಲು 8 ಬೇಕು. ನನ್ನ ಲೆಕ್ಕದಲ್ಲಿ ದುಡ್ಡು ಹಾಕಬೇಕಾದ ಜಾಗ ಇವೆರಡೇ.

ನಮ್ಮ ಹುಬ್ಬಳ್ಳಿ ಧೂಳು ನಿಮಗೆ ಗೊತ್ತೇ ಇದೆ ಅಲ್ವಾ. ಏಪ್ರಿಲ್ ಬಿಸಿಲಲ್ಲಿ ಲ್ಯಾಪ್‌ಟಾಪನ್ನು ಗಾದಿ ಮೇಲೆ ಇಟ್ಟು ಕ್ರಿಕೆಟ್ ನೋಡಿದರೆ ಗಾಳಿ ಹೋಗುವ ಕಿಂಡಿ ಮುಚ್ಚಿಹೋಗುತ್ತದೆ. ಹಿಂಭಾಗಕ್ಕೆ ಎರಡು ಪುಸ್ತಕ ಕೊಟ್ಟು ಎತ್ತರಿಸಿ, ಟೇಬಲ್ ಫ್ಯಾನ್ ಅದರ ಕಡೆ ತಿರುಗಿಸಿ. ಆಗ ಪೂರ್ತಿ ಮ್ಯಾಚ್ ನಡೆದರೆ ಬಿಸಿಯೇ ಕಾರಣ. ಒಳಗಿನ ಧೂಳು ತೆಗೆಸಿ, ಚಿಪ್‌ನ ಬಿಸಿ ಹೊರಹಾಕಲು ಹಚ್ಚುವ ಥರ್ಮಲ್ ಪೇಸ್ಟ್ ಬದಲಾಯಿಸಿ.

ಯಾವುದೂ ಆಗಲಿಲ್ಲ ಅಂದರೆ ಹಳೆಯ ವಿಂಡೋಸ್‌ಗೆ ಹಿಂದೆ ಹೋಗಬಹುದು. ಸೆಟ್ಟಿಂಗ್ಸ್, ಸಿಸ್ಟಮ್, ರಿಕವರಿ, ಅಲ್ಲಿ 'ಗೋ ಬ್ಯಾಕ್'. ಇದಕ್ಕೆ ಅಪ್‌ಗ್ರೇಡ್ ಆದ ದಿನದಿಂದ 10 ದಿನ ಮಾತ್ರ ಅವಕಾಶ. ಹಳೆಯದೆಲ್ಲ ಸಿ ಡ್ರೈವ್‌ನ 'ವಿಂಡೋಸ್ ಓಲ್ಡ್' ಫೋಲ್ಡರ್‌ನಲ್ಲಿರುತ್ತದೆ. ಜಾಗ ಸಾಲದು ಅಂತ ಯಾರಾದರೂ ಅದನ್ನು ಅಳಿಸಿದರೆ 'ಗೋ ಬ್ಯಾಕ್' ಕೆಲಸ ಮಾಡುವುದಿಲ್ಲ. ಹಿಂದೆ ಹೋಗುವ ಮುಂಚೆ ಫೋಟೋ, ದಾಖಲೆ, ಮಕ್ಕಳ ಮಾರ್ಕ್ಸ್‌ಕಾರ್ಡ್ ಸ್ಕ್ಯಾನ್ ಎಲ್ಲವನ್ನೂ ಪೆನ್‌ಡ್ರೈವ್‌ಗೆ ತೆಗೆದುಕೊಳ್ಳಿ. ಅದನ್ನು ಬೇರೆ ಕಂಪ್ಯೂಟರ್‌ಗೆ ಹಾಕಿ, ಒಂದೆರಡು ಫೈಲ್ ತೆರೆದು ನೋಡಿ, ಆಮೇಲೆ ಒತ್ತಿ.