ಬಳ್ಳಾರಿಯಿಂದ ಬೆಂಗಳೂರಿಗೆ ಬಿಯರ್ ಬಸ್: ಗುಂಪು ಕಟ್ಟೋರು ಮೊದ್ಲು ಇದನ್ನ ಓದ್ರಿ

ಬೆಂಗಳೂರಿನ ಮೈಕ್ರೋಬ್ರೂವರಿಗಳಿಗೆ, ಅಂದ್ರೆ ಅಲ್ಲೇ ಬಿಯರ್ ತಯಾರಿಸಿ ಅಲ್ಲೇ ಕೊಡೋ ಜಾಗಗಳಿಗೆ, ಒಂದು ಬಸ್ ಮಾಡ್ಕೊಂಡು ಹೋಗಿಬರೋಣ ಅನ್ನೋ ಮಾತು ನಮ್ಮ ಕಡೆ ಎಲ್ಲಾ ವಾಟ್ಸಾಪ್ ಗ್ರೂಪಲ್ಲೂ ಒಂದಲ್ಲ ಒಂದಿನ ಏಳ್ತೈತೆ, ಹಳೇ ಕಾಲೇಜ್ ಬ್ಯಾಚಿರ್ಲಿ, ತೋರಣಗಲ್ಲಲ್ಲಿ ಡ್ಯೂಟಿ ಮಾಡೋರ ಗ್ಯಾಂಗಿರ್ಲಿ, ಕೌಲ್ ಬಜಾರಿನ ಅಂಗಡಿ ದೋಸ್ತರಿರ್ಲಿ. ಹೊರಟೋರಲ್ಲಿ ಸುಮಾರು ಮಂದಿ ಬೈಕೊಂತಾನೇ ವಾಪಸ್ ಬರೋದನ್ನ ನೋಡೀನಿ. ಬಿಯರ್ ಚೆನ್ನಾಗಿರ್ಲಿಲ್ಲ ಅಂತ ಯಾರೂ ಬೈದಿಲ್ಲ. ಬಾಗ್ಲಲ್ಲಿ ಇಪ್ಪತ್ತು ಜನ ನಿಂತು ಟೇಬಲ್ ಸಿಗ್ಲಿಲ್ಲ, ಮೂರು ತಾಸು ಟ್ರಾಫಿಕ್ಕಲ್ಲೇ ಹೋಯ್ತು, ಬಿಲ್ ಬಂದಾಗ ಜಗಳ ಆಯ್ತು, ಬೈಯೋದೆಲ್ಲಾ ಇದಕ್ಕೇ. ಅದಕ್ಕೇ ಈ ಲೇಖನದಲ್ಲಿ ಬಿಯರ್ ಬಗ್ಗೆ ಕಮ್ಮಿ, ಫೋನ್ ಮಾಡೋದರ ಬಗ್ಗೆ ಜಾಸ್ತಿ ಐತೆ.

1. ಜನ ಮತ್ತೆ ದುಡ್ಡು

ಗ್ರೂಪಲ್ಲಿ ಹೆಬ್ಬೆಟ್ಟು ಎತ್ತಿದವರನ್ನ ಲೆಕ್ಕಕ್ಕೆ ಹಿಡೀಬ್ಯಾಡ್ರಿ. ಅಡ್ವಾನ್ಸ್ ಹಾಕ್ದೋರು ಮಾತ್ರ ಬರೋರು. ಇಪ್ಪತ್ತರ ಮೇಲೆ ಒಬ್ಬರನ್ನೂ ಸೇರಿಸ್ಕೊಬ್ಯಾಡ್ರಿ, ಯಾಕಂತ ಮುಂದೆ ಗೊತ್ತಾಗ್ತೈತೆ. ಎಲ್ಲರಿಗೂ 21 ವರ್ಷ ತುಂಬಿರಬೇಕು, ಗುರುತಿನ ಚೀಟಿ ಕೈಯಲ್ಲಿರಬೇಕು. ಕುಡಿಯದೋರು ಇಬ್ಬರು ಮೂವರು ಬರ್ತೀನಂದ್ರೆ ಖುಷಿಯಿಂದ ಕರ್ಕೊಳ್ರಿ, ಆದ್ರೆ ಅವರ ಪಾಲು ಬ್ಯಾರೆ ಲೆಕ್ಕ ಅಂತ ಮೊದಲ ದಿನವೇ ಹೇಳಿಬಿಡ್ರಿ.

ತಾರೀಖು ಗಟ್ಟಿ ಮಾಡೋಕೆ ಮುಂಚೆ ಡ್ರೈ ಡೇ, ಅಂದ್ರೆ ಮದ್ಯ ಮಾರದ ದಿನ, ನೋಡ್ಕೊಳ್ರಿ. ಅಕ್ಟೋಬರ್ 2 ಎಲ್ಲರಿಗೂ ನೆನಪಿರ್ತೈತೆ, ಎಲೆಕ್ಷನ್ ಮಾತ್ರ ಯಾರಿಗೂ ನೆನಪಿರಲ್ಲ. ಮತದಾನ ಮುಗಿಯೋ ಹೊತ್ತಿಗೆ ಮುಂಚಿನ 48 ಗಂಟೆ ಆ ಕ್ಷೇತ್ರದಲ್ಲಿ ಮದ್ಯ ಮಾರಂಗಿಲ್ಲ, ನಿಮ್ಮೂರಲ್ಲಿ ಓಟಿಲ್ಲ ಅಂತ ಹೊರಟ್ರೆ ಅಲ್ಲಿ ಹೋಗಿ ನಿಂಬೆ ಸೋಡಾ ಕುಡ್ಕೊಂಡು ಬರ್ತೀರಿ.

2. ಬಸ್ಸು

ಐವತ್ತು ಸೀಟಿನ ದೊಡ್ಡ ಬಸ್ ಬ್ಯಾಡ. ತಲೆಗೆ ಕಮ್ಮಿ ಬೀಳ್ತೈತೆ ಅಂತ ಟ್ರಾವೆಲ್ಸ್‌ನೋರು ಆಸೆ ತೋರಿಸ್ತಾರೆ, ಇಂದಿರಾನಗರದ 100 ಅಡಿ ರಸ್ತೆಯಲ್ಲಿ ಅದನ್ನ ಎಲ್ಲಿ ನಿಲ್ಲಿಸ್ತೀರಿ? 21ರಿಂದ 26 ಸೀಟಿನ ಮಿನಿ ಬಸ್ ಸರಿ. ಎಸಿ ಐತೆ ಅಂದ್ರೆ ಮಧ್ಯಾಹ್ನದ ಹೊತ್ತು ಒಮ್ಮೆ ಹತ್ತಿ ಕೂತು ನೋಡ್ರಿ, ಬಳ್ಳಾರಿ ಬಿಸಿಲಿಗೆ ಬರೀ ಗಾಳಿ ಬಿಡೋ ಎಸಿ ಬಾಳ ಅದಾವೆ.

ದಾರಿ ಎರಡದಾವೆ. ಚಳ್ಳಕೆರೆ, ಹಿರಿಯೂರು, ತುಮಕೂರು ಮೇಲೆ ಹೋದ್ರೆ ಸುಮಾರು 310 ಕಿಲೋಮೀಟರ್, ಬಳ್ಳಾರಿ ಬಿಟ್ಟ ಮೇಲೆ ಡಿ.ಹಿರೇಹಾಳ್ ಹತ್ರ ಆಂಧ್ರದ ಒಂದು ಸಣ್ಣ ತುಂಡು ಬರ್ತೈತೆ, ಅದಕ್ಕೂ ಪರ್ಮಿಟ್ ಬೇಕಾ ಅಂತ ಓನರನ್ನ ಮೊದಲೇ ಕೇಳ್ರಿ, ಉಳಿದದ್ದು ಕರ್ನಾಟಕದೊಳಗೇ. ಅನಂತಪುರದ ಮೇಲೆ ಹೋದ್ರೆ ಹೈವೇ ಚಲೋ ಐತೆ ಅಂತಾರೆ, ಖರೆ, ಆದ್ರೆ ಆಂಧ್ರದೊಳಗೇ ಬಾಳ ದೂರ ಹೋಗಬೇಕು, ಗಾಡಿಗೆ ಆಲ್ ಇಂಡಿಯಾ ಟೂರಿಸ್ಟ್ ಪರ್ಮಿಟ್ ಇಲ್ಲಾಂದ್ರೆ ಬಾರ್ಡರಲ್ಲಿ ನಿಂತ್ಕೊಂಡು ಟ್ಯಾಕ್ಸ್ ಕಟ್ಟಬೇಕು, ಆ ದುಡ್ಡು ಯಾರದು ಅಂತ ಓನರ್ ಜೊತೆ ಬೆಳಗಿನ ಜಾವ ಫೋನಲ್ಲಿ ವಾದ ಮಾಡ್ಕೊಂತ ಕೂರಬೇಕು. ನನ್ನ ಕೇಳಿದ್ರೆ ಹಿರಿಯೂರು ದಾರಿನೇ ಹಿಡೀರಿ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿನೂ ಸಿಗ್ತೈತೆ.

ಡ್ರೈವರ್ ವಿಷಯ ಮಾತ್ರ ಹಗುರ ಮಾಡ್ಕೊಬ್ಯಾಡ್ರಿ. ಬೆಳಿಗ್ಗೆ 5ಕ್ಕೆ ಬಳ್ಳಾರಿ ಬಿಟ್ಟ ಮನುಷ್ಯ ರಾತ್ರಿ 9ಕ್ಕೆ ಮತ್ತೆ ಸ್ಟಿಯರಿಂಗ್ ಹಿಡಿದು ಬೆಳಗಿನ ಜಾವ ನಿಮ್ಮನ್ನ ರಾಯಲ್ ಸರ್ಕಲ್ಲಿಗೆ ತಂದು ಇಳಿಸಬೇಕು ಅಂದ್ರೆ ಆಗೋ ಮಾತಾ? ಕಾನೂನಲ್ಲೂ ಮೋಟಾರ್ ಕಾರ್ಮಿಕರಿಗೆ ದಿನಕ್ಕೆ 8 ಗಂಟೆ ಕೆಲ್ಸ ಅಂತಾನೇ ಐತೆ. ಒಂದೋ ಇಬ್ಬರು ಡ್ರೈವರ್, ಇಲ್ಲಾ ಬೆಂಗಳೂರಲ್ಲಿ ಒಂದು ರಾತ್ರಿ ರೂಮು. ನಾನು ರೂಮೇ ಅಂತೀನಿ, ಯಶವಂತಪುರದ ಕಡೆ ನೋಡ್ರಿ, ಬೆಳಿಗ್ಗೆ ತುಮಕೂರು ರೋಡ್ ಹಿಡಿಯೋದು ಸಲೀಸು. ಮತ್ತೆ ಡ್ರೈವರಣ್ಣನಿಗೆ "ಒಂದೇ ಒಂದು ಗ್ಲಾಸ್" ಅಂತ ಒತ್ತಾಯ ಮಾಡೋ ದೊಡ್ಡ ಮನಸ್ಸಿನೋರು ಪ್ರತಿ ಗುಂಪಲ್ಲೂ ಒಬ್ಬ ಇರ್ತಾನೆ, ಅವನ ಪಕ್ಕದಲ್ಲಿ ಒಬ್ಬರನ್ನ ಕೂರಿಸ್ರಿ. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ದಾಟಿದ್ರೆ ಕೇಸು, ಮೊದಲ ಸಲಕ್ಕೇ 10,000 ರೂಪಾಯಿ ದಂಡ ಇಲ್ಲಾ 6 ತಿಂಗಳ ತನಕ ಜೈಲು, ಎರಡೂ ಒಟ್ಟಿಗೆ ಬೀಳಬೋದು.

ಶಾರ್ಟ್‌ಕಟ್ ಬೇಕಂದ್ರೆ ಒಂದೈತೆ: ಶುಕ್ರವಾರ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಮಲಗ್ರಿ, ಬೆಂಗಳೂರಲ್ಲಿ ಇಳಿದು ಅಲ್ಲಿನ ಮಿನಿ ಬಸ್ ಒಂದು ದಿನಕ್ಕೆ ಮಾತ್ರ ಬಾಡಿಗೆ ಹಿಡೀರಿ. ವಯಸ್ಸಾದೋರು ಇದ್ದ ಗುಂಪಿಗೆ ಇದೇ ವಾಸಿ. ಬಸ್ಸಲ್ಲಿ ಅಂತ್ಯಾಕ್ಷರಿ ಹಾಡದಿದ್ರೆ ಟ್ರಿಪ್ಪೇ ಅಲ್ಲ ಅನ್ನೋರು ಮುಂದಕ್ಕೆ ಓದ್ರಿ.

3. ಬ್ರೂವರಿಗೆ ಫೋನ್ ಮಾಡೋದು

ಎಲ್ಲಾ ಕೆಡೋದು ಇಲ್ಲೇ.

ಮೊದಲ ಮಾತು, ಒಂದು ದಿನಕ್ಕೆ ಎರಡೇ ಬ್ರೂವರಿ. ನಾಲ್ಕು ಜಾಗ ಲಿಸ್ಟ್ ಮಾಡ್ಕೊಂಡು ಹೋಗೋರಿಗೆ ಬೆಂಗಳೂರಿನ ಮ್ಯಾಪ್ ಗೊತ್ತಿಲ್ಲ ಅಂತ ಅರ್ಥ. ಇಂದಿರಾನಗರದ ಟಾಯ್ಟ್, ಮ್ಯಾಗ್ರತ್ ರಸ್ತೆಯ ಆರ್ಬರ್, ವೈಟ್‌ಫೀಲ್ಡಿನ ವಿಂಡ್‌ಮಿಲ್ಸ್, ಹಳೇ ಮದ್ರಾಸ್ ರಸ್ತೆ ಕಡೆಯ ಗೈಸ್ಟ್, ಹೆಣ್ಣೂರಿನ ಬಿಗ್ ಬ್ರೂಸ್ಕಿ, ಹೆಸರು ಓದೋಕೆ ಎಲ್ಲಾ ಒಂದೇ ಸಾಲಲ್ಲಿ ಅದಾವೆ, ಆದ್ರೆ ಇಂದಿರಾನಗರದಿಂದ ವೈಟ್‌ಫೀಲ್ಡಿಗೆ ಶನಿವಾರ ಸಂಜೆ ಬಸ್ಸಲ್ಲಿ ಒಂದು ತಾಸಿನ ಮೇಲೆ ಹಿಡೀತೈತೆ. ಇಪ್ಪತ್ತು ಜನ ಟಾಯ್ಲೆಟ್ಟಿಗೆ ಹೋಗಿ ಬಂದು ಬಸ್ ಹತ್ತೋಕೇ ಅರ್ಧ ತಾಸು ಬೇಕು, ಅದನ್ನ ಯಾರೂ ಟೈಮ್ ಟೇಬಲ್ಲಲ್ಲಿ ಬರೆಯಲ್ಲ. ಬಿಯರ್ ಕುಡಿದ ಮೇಲಂತೂ ಮುಕ್ಕಾಲು ತಾಸು.

ಒಂದೇ ದಿಕ್ಕಿನ ಎರಡು ಜಾಗ ಆರಿಸ್ಕೊಳ್ರಿ. ನಾನು ಹೇಳೋ ಜೋಡಿ, ಮಧ್ಯಾಹ್ನ ಇಂದಿರಾನಗರ, ಸಂಜೆ ಹಳೇ ಮದ್ರಾಸ್ ರಸ್ತೆ. ಒಂದೇ ರಸ್ತೆ ಹಿಡಿದು ಮುಂದಕ್ಕೆ ಹೋದ್ರಾಯ್ತು. ಮೊದಲನೇದಕ್ಕೆ ಬಸ್ ಒಳಗೆ ತರಲೇಬ್ಯಾಡ್ರಿ. ತುಮಕೂರು ರಸ್ತೆಯ ಮಾದಾವರದಲ್ಲಿ ಇಳಿದು ಹಸಿರು ಲೈನ್ ಮೆಟ್ರೋ ಹತ್ರಿ, ಮೆಜೆಸ್ಟಿಕ್ಕಲ್ಲಿ ನೇರಳೆ ಲೈನಿಗೆ ಬದಲಾಯಿಸಿ ಇಂದಿರಾನಗರದಲ್ಲಿ ಇಳಿದ್ರೆ ಉಳಿದದ್ದು ನಡಿಗೆ. ನೀವು ಹೊಟ್ಟೆ ತುಂಬ ಉಂಡು ಕುಡಿಯೋ ಹೊತ್ತಿಗೆ ಬಸ್ ರಿಂಗ್ ರೋಡ್ ಸುತ್ತಿ ಎರಡನೇ ಜಾಗದ ಹತ್ರ ಹೋಗಿ ನಿಂತಿರ್ತೈತೆ, ಡ್ರೈವರಣ್ಣ ಎರಡು ತಾಸು ನಿದ್ದೆ ಮಾಡಿರ್ತಾನೆ, ಆಮೇಲೆ ಬಂದು ಕರ್ಕೊಂಡು ಹೋಗ್ತಾನೆ. ಮೆಟ್ರೋ ಹೋಗೋಕೆ ಮಾತ್ರ, ಬರೋಕೆ ಬ್ಯಾಡ, ತೂರಾಡೋರನ್ನ ಸ್ಟೇಷನ್ನಲ್ಲಿ ಒಳಗೆ ಬಿಡಲ್ಲ.

ಈಗ ಫೋನು. ಆ್ಯಪಲ್ಲಿ ಟೇಬಲ್ ಬುಕ್ ಮಾಡಿದ್ವಿ ಅಂತ ನಿಶ್ಚಿಂತೆಯಿಂದ ಇರಬ್ಯಾಡ್ರಿ, ಆ್ಯಪ್ ಅನ್ನೋದು ನಾಲ್ಕು, ಆರು ಜನಕ್ಕೆ. ಇಪ್ಪತ್ತು ಜನಕ್ಕೆ ಮ್ಯಾನೇಜರ್ ಜೊತೆನೇ ಮಾತಾಡಬೇಕು, ಅದೂ ವಾರದ ನಡುವಿನ ದಿನ ಮಧ್ಯಾಹ್ನ 3ರಿಂದ 5ರ ಒಳಗೆ, ಆಗ ಅವರಿಗೆ ಪುರುಸೊತ್ತಿರ್ತೈತೆ. ಶನಿವಾರ ರಾತ್ರಿ ಫೋನ್ ಮಾಡಿದ್ರೆ ಹಿಂದಿನ ಮ್ಯೂಸಿಕ್ಕಲ್ಲಿ "ಓಕೆ ಸರ್" ಅಂತಾರೆ, ಅದು ಎಲ್ಲೂ ಬರೆದಿರಲ್ಲ. ಮಾತು ಮುಗಿದ ಮೇಲೆ ತಾರೀಖು, ಟೈಮು, ತಲೆ ಎಷ್ಟು, ಅಡ್ವಾನ್ಸ್ ಎಷ್ಟು, ಎಲ್ಲಾ ನೀವೇ ಟೈಪ್ ಮಾಡಿ ವಾಟ್ಸಾಪಲ್ಲಿ ಕಳಿಸಿ "ಕನ್ಫರ್ಮ್" ಅಂತ ರಿಪ್ಲೈ ಬರೋ ತನಕ ಬಿಡಬ್ಯಾಡ್ರಿ.

ಫೋನಲ್ಲಿ ಕೇಳ್ಲೇಬೇಕಾದ ಪ್ರಶ್ನೆ ಅದಾವೆ. ಇಪ್ಪತ್ತು ಜನ ಒಂದೇ ಕಡೆ ಕೂರಬೋದಾ ಇಲ್ಲಾ ಮೂರು ಮೂಲೆಗೆ ಹಂಚ್ತೀರಾ? ಎಷ್ಟು ಹೊತ್ತು ಟೇಬಲ್ ನಮ್ದು? ಮಿನಿಮಮ್ ಬಿಲ್ ಐತಾ, ಅದರಲ್ಲಿ ಊಟನೂ ಸೇರ್ತೈತಾ? ಸ್ಯಾಂಪ್ಲರ್, ಅಂದ್ರೆ ಬ್ಯಾರೆ ಬ್ಯಾರೆ ಬಿಯರಿನ ಸಣ್ಣ ಗ್ಲಾಸುಗಳ ಟ್ರೇ, ಇಪ್ಪತ್ತು ಜನಕ್ಕೂ ಒಟ್ಟಿಗೆ ಕೊಡೋಕಾಗ್ತೈತಾ? ಆ ದಿನ ಟ್ಯಾಪಲ್ಲಿ ಯಾವ ಯಾವ ಬಿಯರ್ ಇರ್ತಾವೆ? ಇದನ್ನ ಹಿಂದಿನ ದಿನ ಮತ್ತೊಮ್ಮೆ ಕೇಳ್ರಿ, ಟ್ಯಾಂಕ್ ಖಾಲಿ ಆದ್ರೆ ಮುಂದಿನ ಬ್ಯಾಚ್ ಬರೋ ತನಕ ಆ ಬಿಯರ್ ಇಲ್ಲ. ಏಲ್ ಅನ್ನೋ ಬಗೆ ಬಿಯರ್ ಆದ್ರೆ ಸುಮಾರು ಎರಡು ವಾರ, ತಣ್ಣಗಿಟ್ಟು ಹುದುಗಿಸೋ ಲಾಗರ್ ಆದ್ರೆ ತಿಂಗಳು ಹಿಡೀತೈತೆ, ನೀವು ಬಳ್ಳಾರಿಯಿಂದ ಬಂದೀವಿ ಅಂತ ಬಿಯರ್ ಹುದುಗಿಸೋ ಯೀಸ್ಟ್ ಅವಸರ ಮಾಡಲ್ಲ.

ಕೊನೇ ಪ್ರಶ್ನೆಯೇ ಮುಖ್ಯ, ತಯಾರಿ ಜಾಗ ತೋರಿಸ್ತೀರಾ, ಬಿಯರ್ ಮಾಡೋ ಬ್ರೂವರ್ ಆ ಹೊತ್ತಿಗೆ ಇರ್ತಾರಾ? ಸುಮಾರು ಕಡೆ ಮಧ್ಯಾಹ್ನ, ಜನ ಕಮ್ಮಿ ಇದ್ದಾಗ, ಹತ್ತು ಹತ್ತು ಜನರನ್ನ ಒಳಗೆ ಬಿಡೋಕೆ ಒಪ್ಕೊಂತಾರೆ. ಮೂವತ್ತು ಜನ ಅಂದ್ರೆ ಗಾಜಿನಾಚೆಯಿಂದ ನೋಡ್ಕೊಳ್ರಿ ಅಂತಾರೆ. ಇಪ್ಪತ್ತೇ ಸಾಕು ಅಂದಿದ್ದು ಇದಕ್ಕೇ.

ಟೈಮ್ ಹಿಂಗಿಟ್ಕೊಳ್ರಿ. 5ಕ್ಕೆ ಬಳ್ಳಾರಿ ಬಿಡೋದು, ಅಂದ್ರೆ ಗ್ರೂಪಲ್ಲಿ ನಾಲ್ಕೂವರೆ ಅಂತ ಹಾಕ್ರಿ. 10ರ ಸುಮಾರಿಗೆ ಕ್ಯಾತ್ಸಂದ್ರ, ಹನ್ನೊಂದೂವರೆಗೆ ಮಾದಾವರ, ಒಂದಕ್ಕೆ ಮೊದಲ ಟೇಬಲ್. ಮೂರೂವರೆಗೆ ಎದ್ದೇಳಬೇಕು. ಐದಕ್ಕೆ ಎರಡನೇದು, ಎಂಟಕ್ಕೆ ಬಸ್ಸು. ಇದರಲ್ಲಿ ಒಂದು ತಾಸು ಸಡಿಲ ಐತೆ, ಅದು ಐತೆ ಅಂತ ಯಾರಿಗೂ ಹೇಳಬ್ಯಾಡ್ರಿ.

4. ಒಳಗೆ ನೋಡೋದು

ಗುಂಪಲ್ಲಿ ಅರ್ಧ ಜನ ಸೀದಾ ಟೇಬಲ್ಲಿಗೆ ಹೋಗಿ ಕೂರ್ತಾರೆ, ಅವರನ್ನ ಎಬ್ಬಿಸ್ರಿ. ಮಾಲ್ಟ್ ಮಾಡಿದ, ಅಂದ್ರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ ಒಂದು ಹಿಡಿ ಕೊಡ್ರಿ ಅಂತ ಕೇಳಿ ಅಂಗೈಲಿ ಹಾಕ್ಕೊಂಡು ಎರಡು ಕಾಳು ಕಚ್ಚಿ ನೋಡ್ರಿ. ಬಿಳೀ ಕಾಳು ಟಕ್ಕಂತ ಒಡೀತೈತೆ, ಒಳಗೆ ಹಿಟ್ಟು, ಅಗೀತಾ ಹೋದಂಗೆ ಸಿಹಿ ಬಿಡ್ತೈತೆ. ಕಪ್ಪಗೆ ಹುರಿದ ಕಾಳು ನಾಲಿಗೆ ಮೇಲೆ ಸೀದು ಕಹಿ, ಕಪ್ಪು ಬಿಯರ್ ಸ್ಟೌಟ್‌ನ ಬಣ್ಣ ಮತ್ತೆ ರುಚಿ ಪೂರ್ತಿ ಅದರದ್ದೇ. ಆ ಪುಡಿ ಮಾಡಿದ ಕಾಳನ್ನ ಸುಮಾರು 65 ಡಿಗ್ರಿ ಬಿಸಿ ನೀರಲ್ಲಿ ನೆನೆಸಿಟ್ರೆ ಪಿಷ್ಟ ಸಕ್ಕರೆ ಆಗ್ತೈತೆ, ಮುಚ್ಚಳ ತೆಗೆದಾಗ ಬರೋ ವಾಸನೆ ನಮ್ಮ ಮನೇಲಿ ಅಂಬಲಿ ಕುದಿಯೋವಾಗಿನ ವಾಸನೆ ಇದ್ದಂಗೇ ಐತೆ. ಆಮೇಲೆ ಸೋಸಿ, ಹಾಪ್ಸ್ ಅನ್ನೋ ಕಹಿ ಹೂ ಹಾಕಿ ಕುದಿಸಿ, ತಣ್ಣಗೆ ಮಾಡಿ ಯೀಸ್ಟ್ ಬಿಡ್ತಾರೆ. ಉಳಿದ ಹೊಟ್ಟು ದನಕ್ಕೆ ಮೇವಾಗಿ ಹೋಗ್ತೈತೆ.

5. ಕುಡಿಯೋದು

ಇದನ್ನ ನಾನು ಹೇಳಿಕೊಡಬೇಕಿಲ್ಲ, ಆದ್ರೂ ಸರದಿ ತಪ್ಪಿಸಬ್ಯಾಡ್ರಿ. ಸ್ಯಾಂಪ್ಲರ್ ಟ್ರೇ ಬಂದಾಗ ಲಾಗರ್, ಗೋಧಿ ಬಿಯರ್ ಮೊದ್ಲು, ಹಾಪ್ಸ್ ಜಾಸ್ತಿ ಇರೋ ಕಹಿ ಬಿಯರ್ ಐಪಿಎ ಆಮೇಲೆ, ಸ್ಟೌಟ್ ಕೊನೇಗೆ. ಐಪಿಎ ಮೊದ್ಲು ಕುಡಿದ್ರೆ ಆ ಕಹಿ ಮೇಲೆ ಬ್ಯಾರೆ ಏನೂ ತಿಳಿಯಲ್ಲ. ಗೋಧಿ ಬಿಯರಲ್ಲಿ ಬಾಳೆಹಣ್ಣು, ಲವಂಗದ ವಾಸನೆ ಬಂದ್ರೆ ಎಸೆನ್ಸ್ ಹಾಕ್ಯಾರೆ ಅಂತ ಜಗಳ ತೆಗೀಬ್ಯಾಡ್ರಿ, ಅದು ಯೀಸ್ಟ್‌ನಿಂದ ಬರೋದು. ಬಾಟ್ಲಿ ಸ್ಟ್ರಾಂಗ್ ಕುಡಿದು ರೂಢಿ ಇರೋರು "ಇದರಲ್ಲಿ ಕಿಕ್ಕೇ ಇಲ್ಲ" ಅಂತ ಮೂರು ದೊಡ್ಡ ಗ್ಲಾಸ್ ಏರಿಸ್ತಾರೆ, ಐಪಿಎ 6, 7 ಪರ್ಸೆಂಟ್ ಇರ್ತೈತೆ, ಎರಡನೇ ಜಾಗಕ್ಕೆ ಬರೋ ಹೊತ್ತಿಗೆ ಅವರೇ ಮಲಗಿರ್ತಾರೆ.

ಮೆಡಿಕಲ್ ಅಂಗಡಿಯ ಹ್ಯಾಂಗೋವರ್ ಪುಡಿ, ಗುಳಿಗೆ ತಗೊಂಡು ದುಡ್ಡು ಹಾಳು ಮಾಡಬ್ಯಾಡ್ರಿ. ನೀರು ಕುಡೀರಿ, ಹೊಟ್ಟೆಗೆ ತಿನ್ರಿ, ಅಷ್ಟೇ. ಓಆರ್‌ಎಸ್ ಇಟ್ಕೊಳ್ಳೋದಾದ್ರೆ ಡಬ್ಲ್ಯುಎಚ್‌ಒ ಫಾರ್ಮುಲಾ ಅಂತ ಬರೆದಿರೋ ಪುಡಿ ಪ್ಯಾಕೆಟ್ ತಗೊಳ್ರಿ, ಡಬ್ಬಿಯ ಸಿಹಿ ನೀರು ಅದಲ್ಲ. ವಾಂತಿಗೆ ತೆಳು ಕ್ಯಾರಿಬ್ಯಾಗ್ ನಂಬಬ್ಯಾಡ್ರಿ, ದಪ್ಪನೆ ಕವರ್, ಅದೂ ಮುಂಚೆನೇ ಪ್ರತಿ ಸೀಟಿನ ಹಿಂದೆ.

ತಿಂಡಿ ಬಸ್ಸಲ್ಲೇ ಇರ್ಲಿ, ಮಂಡಕ್ಕಿ, ಶೇಂಗಾ, ಜೋಳದ ರೊಟ್ಟಿ, ಶೇಂಗಾ ಚಟ್ನಿ. ಬ್ರೂವರಿ ಒಳಗೆ ಬುತ್ತಿ ಬಿಚ್ಚಂಗಿಲ್ಲ, ಬಿಚ್ಚಿ ಮರ್ಯಾದೆ ಕಳ್ಕೊಂಡೋರು ಇದಾರೆ. ಬಸ್ಸಲ್ಲಿ ಬಾಟ್ಲಿ ತೆಗೆಯೋದಂತೂ ಬ್ಯಾಡವೇ ಬ್ಯಾಡ.

6. ಬಿಲ್ಲು

ಕಾಮನ್ ದುಡ್ಡಲ್ಲಿ ಬರೋದು ಇಷ್ಟೇ, ಒಬ್ಬರಿಗೆ ಒಂದು ಸ್ಯಾಂಪ್ಲರ್, ಒಂದು ದೊಡ್ಡ ಗ್ಲಾಸ್, ಹಂಚ್ಕೊಂಡು ತಿನ್ನೋ ಊಟ. ಅದರ ಮೇಲೆ ಬೇಕಂದೋರು ತಮ್ಮ ದುಡ್ಡಲ್ಲಿ ತರಿಸ್ಕೊಳ್ಳೋದು, ಅದಕ್ಕೆ ಬ್ಯಾರೆ ಬಿಲ್ ಮಾಡ್ರಿ ಅಂತ ವೇಟರಿಗೆ ಕೂರೋವಾಗ್ಲೇ ಹೇಳಬೇಕು, ಎದ್ದೇಳೋವಾಗ ಹೇಳಿದ್ರೆ ಆ ಹುಡುಗ ಏನು ಮಾಡ್ಯಾನು? ಆರ್ಡರ್ ಕೊಡೋಕೆ ಒಬ್ಬನೇ ಇರ್ಲಿ, ಕುಡಿಯದೋನಾದ್ರೆ ಇನ್ನೂ ಚಲೋ.

ಬಿಲ್ ಕೈಗೆ ಬಂದ ಮೇಲೆ ಎರಡು ಸಾಲು ನೋಡ್ರಿ. ಬಿಯರ್‌ಗೆ ಜಿಎಸ್‌ಟಿ ಬರಲ್ಲ, ಊಟಕ್ಕೆ ಬರ್ತೈತೆ, ಎಲ್ಲಾ ಸೇರಿಸಿ ಒಟ್ಟು ಮೊತ್ತದ ಮೇಲೆ ಹಾಕಿದ್ದಾರಾ ನೋಡ್ಕೊಳ್ರಿ. ಸರ್ವೀಸ್ ಚಾರ್ಜ್ ಕಡ್ಡಾಯ ಅಲ್ಲ, ಕೇಂದ್ರದ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲೇ ಹೇಳೈತೆ, ಬ್ಯಾಡಂದ್ರೆ ತೆಗೀಬೇಕು. ತೆಗೆಸಿ ಆ ದುಡ್ಡಲ್ಲಿ ಸ್ವಲ್ಪ ಓಡಾಡಿದ ಹುಡುಗರ ಕೈಗೇ ಕೊಡ್ರಿ.

7. ವಾಪಸ್

ಬಸ್ ಹತ್ತೋವಾಗ ತಲೆ ಎಣಿಸ್ರಿ, ಸೀಟಲ್ಲಿ ಕೂತ ಮೇಲೆ ಎಣಿಸಬೇಕು, ಬಾಗ್ಲಲ್ಲಲ್ಲ. ಕೆ.ಆರ್.ಪುರದಿಂದ ರಿಂಗ್ ರೋಡ್ ಹಿಡಿದು ಹೆಬ್ಬಾಳ ದಾಟಿ ಗೊರಗುಂಟೆಪಾಳ್ಯಕ್ಕೆ ಬಂದ್ರೆ ರೂಮು ಹತ್ರ. ಮಾರನೇ ದಿನ ಇಡ್ಲಿ ತಿಂದು ಒಂಬತ್ತಕ್ಕೆ ಬಿಡ್ರಿ. ಹಿರಿಯೂರಲ್ಲಿ ಚಹಾಕ್ಕೆ ನಿಂತಾಗ್ಲೇ ಡೀಸೆಲ್, ಟೋಲ್, ಡ್ರೈವರ್ ಬತ್ತಾ, ಎರಡು ಬಿಲ್ಲಿನ ಫೋಟೋ ಎಲ್ಲಾ ಗ್ರೂಪಿಗೆ ಹಾಕಿ ಉಳಿದದ್ದು ವಾಪಸ್ ಕಳಿಸಿಬಿಡ್ರಿ, ಬಳ್ಳಾರಿ ಮುಟ್ಟಿದ ಮೇಲೆ ಯಾರೂ ಲೆಕ್ಕ ನೋಡಲ್ಲ, ಆರು ತಿಂಗಳ ಮೇಲೆ ಯಾರದೋ ಮದುವೇಲಿ ಕೇಳ್ತಾರೆ.