ವಿಮಾನ ದಾಟಿದ ಮೇಲಿನ ಹತ್ತು ಸೆಕೆಂಡು: ಹುಬ್ಬಳ್ಳಿಯಲ್ಲಿ ಆಕಾಶ ನೋಡುವವರ ಫೋಟೊ ತೆಗೆಯುವ ಬಗೆ

ವಿಮಾನದ ಫೋಟೊ ತೆಗೆಯುವುದು ಅಂಥ ಕಷ್ಟದ ಕೆಲಸವಲ್ಲ. 70-300 ಮಿ.ಮೀ. ಲೆನ್ಸ್ ಒಂದಿದ್ದರೆ ಎರಡು ವಾರದಲ್ಲಿ ಕೈ ಪಳಗುತ್ತದೆ. ಕಷ್ಟ ಇರುವುದು ಅದನ್ನು ನೋಡಲು ಬಂದವರ ಫೋಟೊದಲ್ಲಿ. ಹೀಗೆ ನಿಂತು ನೋಡುವವರಲ್ಲಿ ಎರಡು ಥರದವರು. ಒಬ್ಬರಿಗೆ ಯಾವ ವಿಮಾನ, ಯಾವ ನೋಂದಣಿ ಸಂಖ್ಯೆ, ಎಷ್ಟು ನಿಮಿಷ ತಡ ಎಲ್ಲವೂ ಬಾಯಿಪಾಠ. ಇನ್ನೊಬ್ಬರದು ಒಂದೇ ಪ್ರಶ್ನೆ: "ಎಲ್ಲಿಗಿ ಹೊಂಟೈತ್ರೀ ಅದು?" ಇಲ್ಲಿಂದ ಎದ್ದು ಹೋಗಿಬಿಡಬೇಕೆಂಬ ಆಸೆ ಇಬ್ಬರಲ್ಲೂ ಇರುತ್ತದೆ, ಮೊದಲಿನವರಲ್ಲಿ ಅದು ಅಂಕಿಸಂಖ್ಯೆಯ ಹಿಂದೆ ಅಡಗಿರುತ್ತದೆ, ಅಷ್ಟೆ. ಈ ಊರಿಗೂ ಆ ಆಸೆಗೂ ನಂಟು ಹಳೆಯದು. ಅಗ್ಗದ ದರದ ವಿಮಾನ ಸಂಸ್ಥೆ ಏರ್ ಡೆಕ್ಕನ್ 2003ರ ಆಗಸ್ಟ್‌ನಲ್ಲಿ ತನ್ನ ಮೊದಲ ವಿಮಾನ ಹಾರಿಸಿದ್ದು ಹುಬ್ಬಳ್ಳಿ-ಬೆಂಗಳೂರು ನಡುವೆಯೇ.

ಎಲ್ಲಿ ನಿಲ್ಲಬೇಕು

ಗೋಕುಲ ರಸ್ತೆಯ ನಿಲ್ದಾಣದ ರನ್‌ವೇ ಹೆಚ್ಚುಕಡಿಮೆ ಪೂರ್ವ-ಪಶ್ಚಿಮ ಮಲಗಿದೆ. ಅದರ ಸಂಖ್ಯೆ 08/26, ಅಂದರೆ ದಿಕ್ಸೂಚಿಯಲ್ಲಿ ಸುಮಾರು 80 ಮತ್ತು 260 ಡಿಗ್ರಿ. ವಿಮಾನ ಗಾಳಿಗೆ ಎದುರಾಗಿ ಇಳಿಯುತ್ತದೆ, ಎದುರಾಗಿಯೇ ಏರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಶ್ಚಿಮದ ಗಾಳಿ ಬಲವಾಗಿರುವುದರಿಂದ ಊರಿನ ಕಡೆಯಿಂದ ಬಂದು ಇಳಿಯುವುದೇ ಹೆಚ್ಚು. ಚಳಿಗಾಲದ ಮೂಡಗಾಳಿಗೆ ಇದು ತಿರುವುಮುರುವು. ಗಾಳಿ ಸತ್ತ ದಿನ ಯಾವ ಕಡೆಯಿಂದಲೂ ಬರಬಹುದು. ಹಾಗಾಗಿ ಹೊರಡುವ ಮುಂಚೆ ವಿಮಾನಗಳ ಜಾಡು ತೋರಿಸುವ ಫ್ಲೈಟ್‌ರಾಡಾರ್24 ಆ್ಯಪ್‌ನಲ್ಲಿ ಅವತ್ತಿನ ಹಿಂದಿನ ವಿಮಾನ ಯಾವ ದಿಕ್ಕಿನಿಂದ ಇಳಿಯಿತು ಅಂತ ನೋಡಿಕೊಳ್ಳಿ. ಇದನ್ನು ನೋಡದೆ ಹೋದವರು ತಪ್ಪು ತುದಿಯಲ್ಲಿ ನಿಂತು ಬರೀ ಸದ್ದು ಕೇಳಿ ವಾಪಸಾಗುತ್ತಾರೆ.

ಬೆಳಕಿನ ಲೆಕ್ಕ ಸುಲಭ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ವಿಮಾನದ ದಾರಿಯ ದಕ್ಷಿಣಕ್ಕೆ ನಿಲ್ಲಿ. ಮೇ ಮೊದಲ ವಾರದಿಂದ ಆಗಸ್ಟ್ ಮೊದಲ ವಾರದವರೆಗೆ ನಮ್ಮ ಅಕ್ಷಾಂಶದಲ್ಲಿ ನಡುಹಗಲ ಸೂರ್ಯನೂ ಉತ್ತರಕ್ಕಿರುತ್ತಾನೆ, ಆಗ ಉತ್ತರಕ್ಕೆ ಬನ್ನಿ. ಅಕ್ಟೋಬರ್ ಮತ್ತು ಫೆಬ್ರುವರಿಯ ಮೂರನೇ ವಾರದ ಆಸುಪಾಸು ಸೂರ್ಯ ಹೆಚ್ಚುಕಡಿಮೆ ರನ್‌ವೇಯ ನೇರಕ್ಕೇ ಮುಳುಗುತ್ತಾನೆ. ನೆರಳುಚಿತ್ರಕ್ಕೆ ಅದಕ್ಕಿಂತ ಒಳ್ಳೆಯ ದಿನ ಸಿಗುವುದಿಲ್ಲ.

ಸಾರ್ವಜನಿಕ ರಸ್ತೆಯಲ್ಲೇ ಇರಿ. ಕಾಂಪೌಂಡ್ ಹತ್ತುವುದು, ತಂತಿಯೊಳಗೆ ಲೆನ್ಸ್ ತೂರಿಸುವುದು ಬೇಡ. ಭದ್ರತೆಯವರು ಕೇಳಿದರೆ ತೆಗೆದದ್ದನ್ನು ತೋರಿಸಿ, ಹೋಗಿ ಎಂದರೆ ಹೋಗಿ. ಹೊಲದ ಬದುವಿಗೆ ಇಳಿಯುವ ಮುಂಚೆ ರೈತರನ್ನು ಕೇಳಿ; ಶ್ರಾವಣದಲ್ಲಿ ಹೆಸರು, ಚಳಿಗಾಲದಲ್ಲಿ ಜೋಳ-ಕಡಲೆ ನಿಂತಿರುತ್ತದೆ. ಡ್ರೋನ್ ಮನೆಯಲ್ಲೇ ಇರಲಿ: 2021ರ ಡ್ರೋನ್ ನಿಯಮದ ಪ್ರಕಾರ ನಿಲ್ದಾಣದ ಸುತ್ತ 8 ಕಿಲೋಮೀಟರ್‌ನೊಳಗೆ ನೆಲಮಟ್ಟದಿಂದಲೇ ಅನುಮತಿ ಬೇಕು. ಬೆಳಗಾವಿಯ ಸಾಂಬ್ರಾದಲ್ಲಿ ವಾಯುಪಡೆಯ ನೆಲೆ ಇದೆ, ಈ ಹವ್ಯಾಸವನ್ನು ಅಲ್ಲಿಗೆ ಒಯ್ಯಬೇಡಿ.

ಮನುಷ್ಯ ಹತ್ತು ಮೀಟರ್, ವಿಮಾನ ಇನ್ನೂರಿಪ್ಪತ್ತು

ಎ320 ಜೆಟ್ ವಿಮಾನದ ಉದ್ದ 37.57 ಮೀಟರ್. ನಿಂತ ಮನುಷ್ಯ ಸುಮಾರು 1.7 ಮೀಟರ್. ಭಾಗಿಸಿದರೆ 22. ಅಂದರೆ ಮನುಷ್ಯ ನಿಮ್ಮಿಂದ 10 ಮೀಟರ್, ವಿಮಾನ 220 ಮೀಟರ್ ದೂರದಲ್ಲಿದ್ದರೆ ಚಿತ್ರದಲ್ಲಿ ಅವನ ಎತ್ತರ, ಅದರ ಉದ್ದ ಸರಿಸಮ ಕಾಣುತ್ತವೆ. 27.17 ಮೀಟರಿನ ಎಟಿಆರ್ 72 ಎಂಬ ಪ್ರೊಪೆಲರ್ ವಿಮಾನಕ್ಕೆ ಈ ಸಂಖ್ಯೆ 16. ಮನುಷ್ಯನನ್ನು ಸ್ವಲ್ಪ ದೂರ ಕಳಿಸಿದರೆ ವಿಮಾನ ದೊಡ್ಡದಾಗಿ ಅವನ ಮೇಲೆ ಕವಿಯುತ್ತದೆ, ಹತ್ತಿರ ಕರೆದರೆ ಆಟಿಕೆಯಾಗುತ್ತದೆ. ಯಾವುದು ಬೇಕೆಂದು ವಿಮಾನ ಬರುವ ಮುಂಚೆಯೇ ಗೊತ್ತಿರಬೇಕು, ಬಂದ ಮೇಲೆ ಹೆಜ್ಜೆ ಬದಲಿಸಲು ಸಮಯವಿಲ್ಲ.

ಎತ್ತರವನ್ನೂ ಮೊದಲೇ ಲೆಕ್ಕ ಹಾಕಬಹುದು. ವಿಮಾನ ಇಳಿದುಬರುವ ದಾರಿಯ ಇಳಿಜಾರು ಸಾಮಾನ್ಯವಾಗಿ 3 ಡಿಗ್ರಿ, ಹಾಗಾಗಿ ಚಕ್ರ ನೆಲ ಮುಟ್ಟುವ ಜಾಗದಿಂದ 1 ಕಿಲೋಮೀಟರ್ ಹಿಂದೆ ವಿಮಾನ 52 ಮೀಟರ್ ಎತ್ತರದಲ್ಲಿರುತ್ತದೆ, 2 ಕಿಲೋಮೀಟರ್ ಹಿಂದೆ 105. ನೆಲ ಮುಟ್ಟುವುದು ರನ್‌ವೇ ಶುರುವಾಗಿ ಸುಮಾರು 300 ಮೀಟರ್ ಒಳಗೆ ಎನ್ನುವುದನ್ನು ಮರೆಯಬೇಡಿ. ದಾರಿಯ ಪಕ್ಕಕ್ಕೆ 210 ಮೀಟರ್ ಸರಿದು ನಿಂತರೆ ಆ 52 ಮೀಟರ್ ಎತ್ತರದ ವಿಮಾನ ದಿಗಂತದಿಂದ 14 ಡಿಗ್ರಿ ಮೇಲೆ ಕಾಣುತ್ತದೆ. ನೀವು ನಿಂತೇ ತೆಗೆದರೆ ತಲೆಗೂ ವಿಮಾನಕ್ಕೂ ನಡುವೆ ಬರೀ ಆಕಾಶ. ಮೊಣಕಾಲೂರಿ ಕ್ಯಾಮೆರಾವನ್ನು ಅರ್ಧ ಮೀಟರ್ ಎತ್ತರಕ್ಕೆ ಇಳಿಸಿ, ಅಂತರ ಅರ್ಧಕ್ಕರ್ಧ ಕಡಿಮೆಯಾಗುತ್ತದೆ.

ಇದಕ್ಕೆ ಫುಲ್‌ಫ್ರೇಮ್‌ನಲ್ಲಿ 50 ಮಿ.ಮೀ., ಚಿಕ್ಕ ಸೆನ್ಸಾರ್‌ನಲ್ಲಿ 35 ಮಿ.ಮೀ. ಲೆನ್ಸ್ ಸಾಕು. ಅಪರ್ಚರ್ (ಲೆನ್ಸ್ ಕಿಂಡಿಯ ಅಳತೆ) ಎಫ್ 8 ಇಟ್ಟು 10 ಮೀಟರಿಗೆ ಫೋಕಸ್ ಮಾಡಿದರೆ ಮನುಷ್ಯನೂ ವಿಮಾನವೂ ಸ್ಪಷ್ಟ. ಆಮೇಲೆ ಆಟೊಫೋಕಸ್ ಬಂದ್ ಮಾಡಿ, ಇಲ್ಲದಿದ್ದರೆ ವಿಮಾನ ಬಂದ ಕ್ಷಣಕ್ಕೆ ಅದು ಮೋಡ ಹುಡುಕುತ್ತ ಕೂರುತ್ತದೆ. 200 ಮಿ.ಮೀ.ನಲ್ಲಿ ಈ ಅನುಕೂಲ ಇಲ್ಲ: ಅದೇ ಎಫ್ 8ರಲ್ಲಿ 20 ಮೀಟರ್ ದೂರದ ಮುಖಕ್ಕೆ ಫೋಕಸ್ ಮಾಡಿದರೆ ಹಿಂದಿನ ವಿಮಾನ ಮಸುಕಾಗುತ್ತದೆ.

ಎಟಿಆರ್ ಪ್ರೊಪೆಲರ್‌ನ ಪೇಚು

ಎಟಿಆರ್ 72-600ರ ಪ್ರೊಪೆಲರ್‌ಗೆ ಆರು ಅಲಗು, ಪೂರ್ಣ ವೇಗದಲ್ಲಿ ನಿಮಿಷಕ್ಕೆ 1200 ಸುತ್ತು. ಶಟರ್ ತೆರೆದಿರುವ 1/125 ಸೆಕೆಂಡಿನಲ್ಲಿ ಪ್ರತಿ ಅಲಗು ಸುಮಾರು 58 ಡಿಗ್ರಿ ತಿರುಗಿ ಮುಂದಿನದರ ಜಾಗ ತಲುಪುತ್ತದೆ, ಚಿತ್ರದಲ್ಲಿ ತುಂಬು ಬಿಲ್ಲೆ ಮೂಡುತ್ತದೆ. 1/1000ಕ್ಕೆ ಅಲಗು ನಿಂತಂತೆ ಕಂಡು, ಎಂಜಿನ್ ಕೆಟ್ಟ ವಿಮಾನದ ಹಾಗೆ ಕಾಣುತ್ತದೆ. ಆದರೆ 1/125ಕ್ಕೆ ವಿಮಾನದ ಜೊತೆ ಕ್ಯಾಮೆರಾ ತಿರುಗಿಸಲೇಬೇಕು, ತಿರುಗಿಸಿದರೆ ಮುಂದೆ ನಿಂತ ಮನುಷ್ಯ ಗೀರಾಗುತ್ತಾನೆ. ಎರಡೂ ಒಂದೇ ಚಿತ್ರದಲ್ಲಿ ಬರುವುದಿಲ್ಲ. ಮುಖ ಬೇಕಿದ್ದರೆ 1/1000 ಇಟ್ಟು ಜೆಟ್ ವಿಮಾನಕ್ಕೆ ಕಾಯಿರಿ. ಗೀರಾದ ಮನುಷ್ಯ, ಸ್ಪಷ್ಟ ವಿಮಾನ ಇರುವ ಚಿತ್ರಕ್ಕೂ ಅದರದೇ ಅರ್ಥ ಇದೆ. ಬೇಕೆಂದೇ ತೆಗೆದಿದ್ದರೆ ಅದು ಗೊತ್ತಾಗುತ್ತದೆ, ಕೈತಪ್ಪಿ ಬಂದಿದ್ದರೂ ಗೊತ್ತಾಗುತ್ತದೆ.

ಬೇಸಿಗೆಯಲ್ಲಿ ಹತ್ತು ಗಂಟೆಯ ಮೇಲೆ ಎರೆಹೊಲದ ಝಳಕ್ಕೆ ಗಾಳಿ ಕುದಿಯುತ್ತದೆ. ಉದ್ದ ಲೆನ್ಸ್‌ನಲ್ಲಿ ವಿಮಾನ ನೀರಿನಡಿ ಇದ್ದಂತೆ ನಡುಗುತ್ತದೆ, ಎಂಥ ಶಟರ್ ವೇಗವೂ ಅದನ್ನು ಸರಿಪಡಿಸದು. ಬೆಳಗ್ಗೆ ಒಂಬತ್ತರೊಳಗೆ ಅಥವಾ ಸಂಜೆ ಐದರ ಮೇಲೆ ತೆಗೆಯಿರಿ. ಮಳೆಗಾಲದ ಬಿಳಿ ಆಕಾಶಕ್ಕೆ ಎಕ್ಸ್‌ಪೋಶರ್ +0.7ರಿಂದ +1 ಹೆಚ್ಚಿಸದಿದ್ದರೆ ಮುಖಗಳೆಲ್ಲ ಮಸಿ.

ಮುಖ

ಮೊದಲ ದಿನ ಕ್ಯಾಮೆರಾ ಚೀಲದಲ್ಲೇ ಇರಲಿ. ಮಾತಾಡಿ. "ನಿಮ್ಮ ಕನಸೇನು" ಎಂದು ಕೇಳಿದರೆ ಟಿವಿಯಲ್ಲಿ ಕೇಳಿದ ಉತ್ತರವೇ ಬರುತ್ತದೆ. "ಇದು ಎಲ್ಲಿಗಿ ಹೊಂಟೈತಿ ಅಂತೀರಿ?" ಎಂದು ಕೇಳಿ. ವಿಮಾನ ಮುಂಬೈಗೆ ಹೊರಟಿದ್ದರೂ ಒಬ್ಬರು ದುಬೈ ಅಂತಾರೆ, ಇನ್ನೊಬ್ಬರು ತಮ್ಮ ಮಗ ಇರುವ ಊರಿನ ಹೆಸರು ಹೇಳುತ್ತಾರೆ. ತಿದ್ದಬೇಡಿ, ಬರೆದುಕೊಳ್ಳಿ, ಚಿತ್ರದ ಅಡಿಬರಹ ಅದೇ. ಒಪ್ಪಿಗೆ ಕೇಳಿಯೇ ತೆಗೆಯಿರಿ, ಮಕ್ಕಳಾದರೆ ಮನೆಯವರನ್ನು ಕೇಳಿ.

ವಿಮಾನ ತಲೆಯ ಮೇಲಿರುವಾಗ ಎಲ್ಲರ ಮುಖವೂ ಒಂದೇ: ಬಾಯಿ ತೆರೆದು, ಕಣ್ಣು ಕಿರಿದಾಗಿ, ಕೈ ಹಣೆಗೆ. ಅಂಥದ್ದು ಒಂದೆರಡು ಸಾಕು. ಅದು ದಾಟಿದ ಮೇಲೆ ಶಟರ್‌ನಿಂದ ಬೆರಳು ತೆಗೆಯಬೇಡಿ. ಕೈ ಹಣೆಯಿಂದ ಇಳಿದು ಅರ್ಧಕ್ಕೆ ನಿಲ್ಲುತ್ತದೆ. ಕಣ್ಣು ಇನ್ನೂ ಆಕಾಶದಲ್ಲಿ, ಇನ್ನೊಂದು ಕೈ ಆಗಲೇ ಬೈಕಿನ ಕೀಲಿ ತಡಕುತ್ತಿರುತ್ತದೆ. ಸದ್ದು ಪೂರ್ತಿ ಅಡಗುವ ಮುಂಚೆ ಯಾರೋ ಮೊಬೈಲ್ ನೋಡಿಕೊಳ್ಳುತ್ತಾರೆ. ಹತ್ತು ಸೆಕೆಂಡಿನಲ್ಲಿ ಇಷ್ಟೆಲ್ಲ ಆಗಿಹೋಗುತ್ತದೆ, ಬಹಳಷ್ಟು ಛಾಯಾಗ್ರಾಹಕರು ಆಗ ಹಿಂದಿನ ಪರದೆಯಲ್ಲಿ ವಿಮಾನ ಚೆನ್ನಾಗಿ ಬಂತೇ ಅಂತ ನೋಡುತ್ತಿರುತ್ತಾರೆ. ಚಿತ್ರ ತೆಗೆದೊಡನೆ ಪರದೆಯಲ್ಲಿ ತೋರಿಸುವ ಸೌಲಭ್ಯವನ್ನೇ ಆಫ್ ಮಾಡಿಬಿಡಿ.

ಕತ್ತಲಾದ ಮೇಲೆ ಟ್ರೈಪಾಡ್, ಐಎಸ್ಒ (ಬೆಳಕಿಗೆ ಸೆನ್ಸಾರ್‌ನ ಸೂಕ್ಷ್ಮತೆ) 100, ಎಫ್ 8, 20 ಸೆಕೆಂಡು. ಅಷ್ಟರಲ್ಲಿ ವಿಮಾನದ ದೀಪ ಸುಮಾರು 1.4 ಕಿಲೋಮೀಟರ್ ಗೆರೆ ಎಳೆಯುತ್ತದೆ. ಬೈಕಿನ ಮೇಲೆ ಕುಳಿತವರಿಗೆ ಮೈ ಅಲುಗಿಸಬೇಡಿ, ಕತ್ತು ಮಾತ್ರ ವಿಮಾನದ ಜೊತೆ ತಿರುಗಿಸಿ ಎನ್ನಿ. ದೇಹ ಗಟ್ಟಿಯಾಗಿ ಕೂತಿರುತ್ತದೆ, ತಲೆ ಹೊಗೆಯ ಹಾಗೆ ಅತ್ತ ಹರಿದಿರುತ್ತದೆ. ಲಾರಿ ಓಡಾಡುವ ರಸ್ತೆಯ ಅಂಚಿನಲ್ಲಿ ಟ್ರೈಪಾಡ್ ನಡುಗುತ್ತದೆ, ಮಣ್ಣಿಗೆ ಇಳಿಸಿಕೊಳ್ಳಿ.

ನೃಪತುಂಗ ಬೆಟ್ಟದಿಂದಲೂ ಒಂದು ಚಿತ್ರ ಇರಲಿ. ಅಲ್ಲಿಂದ ವಿಮಾನ ಸೊಳ್ಳೆಯಷ್ಟು, ಊರೆಲ್ಲ ಕೆಳಗೆ ಹರಡಿರುತ್ತದೆ. ಹನ್ನೆರಡು ಚಿತ್ರಗಳ ಸರಣಿ ಕಟ್ಟಿದರೆ ವಿಮಾನ ಕಾಣುವುದು ಮೂರರಲ್ಲಿ ಸಾಕು, ಉಳಿದವುಗಳಲ್ಲಿ ಅದು ನೋಡುವವರ ಕಣ್ಣಲ್ಲಿದ್ದರಾಯಿತು. 8×12 ಇಂಚಿನ ಪ್ರಿಂಟ್‌ಗೆ 2400×3600 ಪಿಕ್ಸೆಲ್ ಬೇಕು, ಅದಕ್ಕಿಂತ ಕಡಿಮೆಯಾಗುವಷ್ಟು ಕತ್ತರಿಸಬೇಡಿ. ಎರಡೆರಡು ಪ್ರತಿ ಹಾಕಿಸಿ; ಒಂದು ನಿಮಗೆ, ಇನ್ನೊಂದು ಚಿತ್ರದಲ್ಲಿರುವವರಿಗೆ. ಅವರನ್ನು ಹುಡುಕುವುದು ಕಷ್ಟವಲ್ಲ, ಮುಂದಿನ ವಿಮಾನದ ಹೊತ್ತಿಗೆ ಅಲ್ಲೇ ನಿಂತಿರುತ್ತಾರೆ.